17ನೇ ನಿಮಿಷಕ್ಕೆ ಕಡಿಯುತ್ತಿದ್ದ ಗಾಜಿನ ಎಳೆ

14ನೇ ಪೊಸಿಷನ್, ಅಂದರೆ ಗಾಜಿನ ನೂಲು ಎಳೆಯುವ ಸಾಲಿನಲ್ಲಿ 14ನೇ ಜಾಗ, ಹೆಸರೆತ್ತಿದರೆ ಸಾಕು, ನಮ್ಮ ಶಿಫ್ಟಿನವರ ಮುಖ ಸಣ್ಣಗಾಗುತ್ತಿತ್ತು. ಬೇರೆ ಕಡೆ ಒಂದು ಶಿಫ್ಟಿಗೆ ಎರಡೋ ಮೂರೋ ಬ್ರೇಕ್ (ಎಳೆ ಕಡಿಯೋದು) ಆದರೆ ಇಲ್ಲಿ ಏಳೆಂಟು. ಅದನ್ನು ಸರಿ ಮಾಡೋಕೆ ನನಗೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಒಂದೂವರೆ ತಿಂಗಳು ತಪ್ಪು ಜಾಗ ಹುಡುಕಿದ್ದರಲ್ಲೇ ಹೋಯಿತು.

ನಾನು ಕೆಲಸ ಮಾಡುತ್ತಿದ್ದದ್ದು ಗಾಜಿನ ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ, ಮೆಕ್ಯಾನಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿ. ಮೇಲಿನ ಮಹಡಿಯಲ್ಲಿ ಕುಲುಮೆ. ಸಿಲಿಕಾ ಮರಳು, ಸುಣ್ಣಕಲ್ಲು, ಅಲ್ಯುಮಿನಾ ಇರುವ ಜೇಡಿ, ಬೋರಾನ್, ಎಲ್ಲಾ ಸೇರಿಸಿ ಕರಗಿಸಿದ, ಇ-ಗ್ಲಾಸ್ ಅನ್ನುವ ಗಾಜು ಅಲ್ಲಿಂದ ಕಾಲುವೆಯಲ್ಲಿ ಹರಿದು ಬರುತ್ತದೆ. ಕಾಲುವೆಯ ತಳದಲ್ಲಿ ಸಾಲಾಗಿ ಬುಶಿಂಗ್‌ಗಳು. ಬುಶಿಂಗ್ ಅಂದರೆ ಪ್ಲಾಟಿನಂ ಮತ್ತು ರೋಡಿಯಂ ಮಿಶ್ರಲೋಹದ ಒಂದು ಉದ್ದನೆಯ ತಟ್ಟೆ. ಅದರ ತಳದಲ್ಲಿ ನೂರಾರು ಸಣ್ಣ ಮೂತಿಗಳು. ನಾವು ಅದನ್ನು ಟಿಪ್ ಅನ್ನುತ್ತೇವೆ. ನಮ್ಮ 14ರಲ್ಲಿ 800 ಟಿಪ್ ಇದ್ದವು. ಬುಶಿಂಗಿಗೆ ಕಡಿಮೆ ವೋಲ್ಟೇಜಿನಲ್ಲಿ ಭಾರೀ ಕರೆಂಟ್ ಹಾಯಿಸಿ 1,230 ಡಿಗ್ರಿ ಆಸುಪಾಸಿನಲ್ಲಿ ಇಟ್ಟಿರುತ್ತೇವೆ.

ಈ ಉಷ್ಣತೆ ಯಾಕೆ ಅಷ್ಟು ಮುಖ್ಯ ಅಂತ ಮನೆಯಲ್ಲಿ ಕೇಳಿದಾಗ ನಾನು ಹೇಳೋದು ಮೈಸೂರು ಪಾಕಿನ ಉದಾಹರಣೆ. ಒಂದೆಳೆ ಪಾಕ ಬಂತಾ ಅಂತ ಬೆರಳಲ್ಲಿ ಎಳೆದು ನೋಡುತ್ತಾರಲ್ಲ, ಅದೇ ಲೆಕ್ಕ. ಪಾಕ ನೀರಾಗಿದ್ದರೆ ಎಳೆ ನಿಲ್ಲಲ್ಲ, ತೊಟ್ಟಿಕ್ಕುತ್ತದೆ. ಗಟ್ಟಿಯಾದರೆ ಎಳೆಯುವಾಗಲೇ ತುಂಡಾಗುತ್ತದೆ. ಒಲೆ ಮುಂದೆ ನಿಂತವರಿಗೆ ಒಂದು ನಿಮಿಷ ಸಮಯ ಇರುತ್ತದೆ. ನಮಗೆ ಅದೇ ಹದ ಹಗಲೂ ರಾತ್ರಿ, ವರ್ಷವಿಡೀ ಬೇಕು.

ಟಿಪ್ಪಿನ ತೂತು ಸುಮಾರು 2 ಮಿಲಿಮೀಟರ್. ಹೊರಗೆ ಬರುವ ಎಳೆ 10 ಮೈಕ್ರಾನ್, ಅಂದರೆ ತಲೆಗೂದಲಿನ ಆರು ಏಳರಲ್ಲಿ ಒಂದು ಪಾಲು. ಕೆಳಗೆ ಕಾಲೆಟ್ ಅನ್ನುವ ಉರುಳೆ ಈ 800 ಎಳೆಗಳನ್ನು ಒಟ್ಟಿಗೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಎಳೆದು ಸುತ್ತಿಕೊಳ್ಳುತ್ತದೆ. ತಾಸಿಗೆ 90 ಕಿಲೋಮೀಟರ್ ಆಯಿತು, ಹೈವೇ ಬಸ್ಸಿನ ಓಟ. ಮೇಲೆ ತೂತಿನೊಳಗೆ ಅದೇ ಗಾಜು ಸೆಕೆಂಡಿಗೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತಿರುತ್ತದೆ ಅಷ್ಟೇ. ಬಸವನಹುಳುವಿನ ನಡೆ ಬಸ್ಸಿನ ಓಟ ಆಗೋದು ಟಿಪ್ಪಿನ ಕೆಳಗಿನ ಕೆಲವೇ ಸೆಂಟಿಮೀಟರ್ ಜಾಗದಲ್ಲಿ. ಅಲ್ಲಿ ಏನು ಸಣ್ಣ ಕೀಟಲೆ ನಡೆದರೂ ಎಳೆ ಕಡಿಯುತ್ತದೆ. ಒಂದು ಕಡಿದರೆ ಆ ಟಿಪ್ಪಿನಲ್ಲಿ ಗಾಜಿನ ಹನಿ ಕಟ್ಟಿ, ಬಾಲದ ಹಾಗೆ ನೂಲು ಹಿಡಿದುಕೊಂಡು ಬೀಳುತ್ತದೆ. ಬೀಳುವಾಗ ಅಕ್ಕಪಕ್ಕದ ಎಳೆಗಳನ್ನೂ ಕೆಡವುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ 800ಕ್ಕೆ 800 ಹೋಯಿತು. ಕೇಕ್ ಅರ್ಧಕ್ಕೇ ನಿಂತಿತು. ಕಾಲೆಟ್ ಮೇಲೆ ಸುತ್ತಿದ ಉಂಡೆಗೆ ನಾವು ಕೇಕ್ ಅನ್ನೋದು. ಅದನ್ನು ಒಣಗಿಸಿ, ಹಲವು ಕೇಕಿನ ಎಳೆ ಸೇರಿಸಿ ರೋವಿಂಗ್ ಅನ್ನುವ ದಪ್ಪ ನೂಲು ಮಾಡಿದರೆ ಅದು ಫೈಬರ್‌ಗ್ಲಾಸಿನ ನೀರಿನ ತೊಟ್ಟಿಗೋ ದೋಣಿಗೋ ಹೋಗುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಯಲ್ಲಿರೋದೂ ಗಾಜಿನ ನೂಲೇ. ಅದಕ್ಕೆ ಇನ್ನೂ ದಪ್ಪ ಎಳೆ ಬೇಕು, ಸುತ್ತುವ ಯಂತ್ರವೂ ಬೇರೆ.

ಅಂದಹಾಗೆ, ಈ ಕಸುಬಿನ ಚರಿತ್ರೆ ಹೇಳುವವರೆಲ್ಲ 1932ರ ಕತೆಯನ್ನೇ ಹೇಳುತ್ತಾರೆ. ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಅನ್ನುವ ಯುವಕ ಎರಡು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ನೋಡುತ್ತಿದ್ದ. ಜೋರಾದ ಗಾಳಿ ಕರಗಿದ ಗಾಜಿಗೆ ಬಡಿದು ನವಿರಾದ ಎಳೆಗಳು ಹಾರಿದವು. ಅಲ್ಲಿಂದ ಗೇಮ್ಸ್ ಸ್ಲೇಟರ್ ಗಾಜಿನ ಉಣ್ಣೆ ಮಾಡುವ ವಿಧಾನ ಕಟ್ಟಿದರು, 1938ರಲ್ಲಿ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿತು. ಕತೆ ಚೆನ್ನಾಗಿದೆ. ಆದರೆ ನನಗೆ ಜಾಸ್ತಿ ಇಷ್ಟ ಅದಕ್ಕೂ ಮುಂಚಿನದು. 1893ರಲ್ಲಿ ಷಿಕಾಗೋ ಮೇಳದಲ್ಲಿ ಲಿಬ್ಬಿ ಅನ್ನುವವರು ಗಾಜಿನ ನೂಲು ಮತ್ತು ರೇಷ್ಮೆ ಸೇರಿಸಿ ನೇಯ್ದ ಉಡುಪನ್ನು ತೋರಿಸಿದ್ದರು. ಅಂದರೆ ಗಾಜನ್ನು ಎಳೆಯೋದು ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಸಣ್ಣಗೆ, ಒಂದೇ ಸಮ, ನಿಲ್ಲದೆ ಎಳೆಯೋದು. ಅದಕ್ಕೆ ಬೇಕಾಗಿದ್ದು ಒಂದು ದೊಡ್ಡ ಆವಿಷ್ಕಾರ ಅಲ್ಲ, ನೂರು ಸಣ್ಣ ಸಣ್ಣವು. ಟಿಪ್ ಸಾಲುಗಳ ನಡುವೆ ನಿಲ್ಲುವ ಲೋಹದ ರೆಕ್ಕೆಗಳು, ಎಳೆಗೆ ಸೈಜಿಂಗ್ ಅನ್ನುವ ದ್ರವ ಬಳಿಯುವ ರೋಲರು, ನೂಲನ್ನು ಅತ್ತಿಂದಿತ್ತ ಓಡಿಸುವ ಟ್ರಾವರ್ಸು. ನಮ್ಮಂಥವರ ಕೈಗೆ ಮಸಿ ಹತ್ತೋದು ಇವುಗಳಲ್ಲೇ.

ಸರಿ, 14ಕ್ಕೆ ಬರೋಣ.

ಎಳೆ ಕಡಿದರೆ ಎಲ್ಲರೂ ಮೇಲೆ ನೋಡುತ್ತಾರೆ. ನಾನೂ ನೋಡಿದೆ. ಮೊದಲ ಅನುಮಾನ ಫಿನ್ ಕೂಲರ್ ಮೇಲೆ. ಆ ರೆಕ್ಕೆಗಳು ಟಿಪ್ಪಿನ ಶಾಖ ಹೀರಿ, ಹಿಂದಿನ ನೀರಿನ ಪೈಪಿಗೆ ಸಾಗಿಸುತ್ತವೆ. ಪೈಪಿನೊಳಗೆ ಸುಣ್ಣ ಕಟ್ಟಿದರೆ ಒಂದು ಕಡೆಯ ಟಿಪ್ಪುಗಳು ಬಿಸಿ, ಇನ್ನೊಂದು ಕಡೆಯವು ತಣ್ಣಗೆ. ಬಿಚ್ಚಿ ನೋಡಿದರೆ ಸ್ವಲ್ಪ ಸುಣ್ಣ ಇತ್ತು. ಖುಷಿಯಾಯಿತು. ತೊಳೆದು, ಎತ್ತರ ಸರಿಮಾಡಿ ಹಾಕಿದೆವು. ಎರಡು ದಿನ ಕಡಿಮೆಯಾದ ಹಾಗೆ ಕಾಣಿಸಿತು. ಮೂರನೇ ದಿನ ಮತ್ತೆ ಎಂಟು ಬ್ರೇಕ್.

ಆಮೇಲೆ ಅನುಮಾನ ಬುಶಿಂಗಿನ ಮೇಲೆ. ಅಷ್ಟು ಬಿಸಿಯಲ್ಲಿ ಗಾಜಿನ ಭಾರ ಹೊತ್ತು ಹೊತ್ತು ತಟ್ಟೆ ನಡುವೆ ಜೋತು ಬೀಳುತ್ತದೆ. ರೋಡಿಯಂ ಸೇರಿಸೋದೇ ಅದು ತಡವಾಗಲಿ ಅಂತ. ನಮ್ಮದಕ್ಕೂ ವಯಸ್ಸಾಗಿತ್ತು, ಬದಲಾಯಿಸೋದು ಅಂತ ಆಯಿತು. ಬುಶಿಂಗ್ ಬದಲಾವಣೆ ಅಂದರೆ ಮದುವೆ ಮನೆ ಗಡಿಬಿಡಿ. ಮೇಲಿನ ಗಾಜನ್ನು ನೀರು ಹಾಯಿಸಿ ಗಟ್ಟಿಮಾಡಬೇಕು, ಹಳೆಯದನ್ನು ಇಳಿಸಬೇಕು, ಹೊಸದನ್ನು ಕೂರಿಸಿ ನಿಧಾನಕ್ಕೆ ಬಿಸಿ ಮಾಡಬೇಕು. ಇಳಿಸಿದ ಬುಶಿಂಗ್ ಪ್ಲಾಟಿನಂ ಆದ್ದರಿಂದ ಸೆಕ್ಯುರಿಟಿಯವರ ಎದುರಲ್ಲೇ ತೂಗಬೇಕು, ಗ್ರಾಂ ಲೆಕ್ಕದಲ್ಲಿ. ಸುತ್ತಲಿನ ಇಟ್ಟಿಗೆ ಚೂರು ಕೂಡ ಚೀಲಕ್ಕೆ. ಹೊಸ ಬುಶಿಂಗ್ ಹೊಳೆಯುತ್ತಿತ್ತು. ಮಾರನೇ ದಿನದ ಬ್ರೇಕ್ ಏಳು.

ಆಗ ನಮ್ಮ ಶಿಫ್ಟಿನ ಹಿರಿಯ ಆಪರೇಟರ್ ಚಹಾ ಕುಡಿಯುತ್ತಾ ಸುಮ್ನೆ ಒಂದು ಮಾತು ಹೇಳಿದರು. "ಇದು ಮೇಲಿಂದಲ್ಲ ಸಾರ್. ಕೇಕ್ ಅರ್ಧ ದಾಟಿದ ಮೇಲೇನೇ ಕಡಿಯೋದು. ಗಾಜಿಗೇನು ಗೊತ್ತು ಕೇಕ್ ಅರ್ಧ ಆಯ್ತು ಅಂತ?"

ನಮ್ಮ ದಾಖಲೆಯಲ್ಲಿ ದಿನಕ್ಕೆ ಎಷ್ಟು ಬ್ರೇಕ್ ಅಂತ ಮಾತ್ರ ಇತ್ತು. ಸುತ್ತಲು ಶುರುಮಾಡಿದ ಎಷ್ಟನೇ ನಿಮಿಷಕ್ಕೆ ಅಂತ ಯಾರೂ ಬರೆದಿರಲಿಲ್ಲ. ಅವತ್ತೇ ಒಂದು 100 ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ 14ರ ಕಂಬಕ್ಕೆ ನೇತುಹಾಕಿದೆ. ಬ್ರೇಕ್ ಆದಾಗ ನಿಮಿಷ ಬರೆಯಿರಿ, ಅಷ್ಟೇ. ಒಂದು ವಾರದಲ್ಲಿ ನಮ್ಮ ಶಿಫ್ಟಿನದ್ದೇ ನಲವತ್ತು ಚಿಲ್ಲರೆ ಸಾಲು ಆಯಿತು. ಅರ್ಧಕ್ಕಿಂತ ಜಾಸ್ತಿ 16ರಿಂದ 18ನೇ ನಿಮಿಷದೊಳಗೆ.

ಪೂರ್ತಿ ಕೇಕ್‌ಗೆ 30 ನಿಮಿಷ. ಈ ನಡುವೆ ಬದಲಾಗೋದು ಏನು? ಕೇಕ್ ದಪ್ಪ ಆಗುತ್ತದೆ. ದಪ್ಪ ಆದ ಹಾಗೆ ಕಾಲೆಟ್ ನಿಧಾನ ಮಾಡಬೇಕು, ಇಲ್ಲದಿದ್ದರೆ ಎಳೆಯ ವೇಗ ಏರಿ ನೂಲು ಸಣ್ಣಗಾಗುತ್ತದೆ. ಖಾಲಿ ಕಾಲೆಟ್ ವ್ಯಾಸ 30 ಸೆಂಟಿಮೀಟರ್. 25 ಮೀಟರ್ ವೇಗಕ್ಕೆ ನಿಮಿಷಕ್ಕೆ ಸುಮಾರು 1,590 ಸುತ್ತು. ಕೊನೆಗೆ ವ್ಯಾಸ 34ಕ್ಕೆ ಹತ್ತಿರ, 1,410 ಸುತ್ತು. ನಿಮಿಷಕ್ಕೆ 245 ಗ್ರಾಂ ನೂಲು ಸುತ್ತುತ್ತದೆ ಅಂತ ಹಿಡಿದು 17ನೇ ನಿಮಿಷದ ವ್ಯಾಸ ಲೆಕ್ಕ ಹಾಕಿದೆ. 32 ಸೆಂಟಿಮೀಟರ್ ಮೇಲೆ ಸ್ವಲ್ಪ ಬಂತು. ಅಂದರೆ 1,480 ಸುತ್ತು. ಸೆಕೆಂಡಿಗೆ ಹೆಚ್ಚುಕಡಿಮೆ 25 ಸಲ.

ಆ ಸಂಖ್ಯೆ ನೋಡಿದ ಕೂಡಲೇ ಹೊಳೆಯಿತು. ಜೋಕಾಲಿ ತೂಗುವವರಿಗೆಲ್ಲ ಗೊತ್ತು, ಸರಿಯಾದ ಲಯಕ್ಕೆ ತಳ್ಳಿದರೆ ಸಣ್ಣ ಮಗು ಕೂಡ ದೊಡ್ಡವರನ್ನು ತೂಗಬಹುದು. ಯಂತ್ರದ ಅಡಿಪಾಯಕ್ಕೂ ಅದರದೇ ಒಂದು ಲಯ ಇರುತ್ತದೆ. ಕಾಲೆಟ್ಟಿನ ಸುತ್ತು ಆ ಲಯಕ್ಕೆ ಬಂದು ಸೇರಿದರೆ, ತೀರಾ ಚಿಕ್ಕ ಅಸಮತೋಲವೂ ಯಂತ್ರವನ್ನು ಕುಣಿಸುತ್ತದೆ. ಕುಣಿದಾಗ ಎಳೆಯ ಬಿಗಿತ ಏರಿಳಿಯುತ್ತದೆ. ಆ ಜಗ್ಗಾಟ ಮೇಲೆ ಟಿಪ್ಪಿನವರೆಗೂ ಹೋಗುತ್ತದೆ.

ಕಂಪನ ಅಳೆಯುವ ಮೀಟರ್ ಬೇರೆ ವಿಭಾಗದಲ್ಲಿತ್ತು. ಚೀಟಿ ಬರೆದು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಕ್ಯಾಂಟೀನಿನಿಂದ ಒಂದು ಸ್ಟೀಲ್ ಲೋಟ ತಂದು ನೀರು ತುಂಬಿ ಯಂತ್ರದ ತಳದ ತಟ್ಟೆ ಮೇಲೆ ಇಟ್ಟೆ. ಗಾಜನ್ನು ಕೆಳಗಿನ ಗುಂಡಿಗೆ ಬಿಟ್ಟುಕೊಂಡು, ಅರ್ಧ ಸುತ್ತಿದ ಒಂದು ರಿಜೆಕ್ಟ್ ಕೇಕ್ ಕಾಲೆಟ್ಟಿಗೆ ಹಾಕಿ, ಕವರ್ ಮುಚ್ಚಿ ಓಡಿಸಿದೆವು. 1,590ರಲ್ಲಿ ನೀರು ಸ್ವಲ್ಪ ನಡುಗುತ್ತಿತ್ತು. 1,550, 1,520, ಏನೂ ಇಲ್ಲ. 1,490ಕ್ಕೆ ಇಳಿಯುತ್ತಿದ್ದಂತೆ ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಎದ್ದಿತು. 1,480ರಲ್ಲಿ ಲೋಟವೇ ತಾನಾಗಿ ಸರಿಯತೊಡಗಿತು. 1,450ಕ್ಕೆ ಮತ್ತೆ ಶಾಂತ. ಆಪರೇಟರ್ ನನ್ನ ಮುಖ ನೋಡಿ ನಕ್ಕರು.

ಬೋಲ್ಟ್ ಎಲ್ಲಾ ಬಿಗಿಯಾಗಿದ್ದವು. ತಟ್ಟೆಯ ಅಡಿಗೆ ತುಂಬಿದ ಸಿಮೆಂಟ್ ಗಾರೆ, ಅಂದರೆ ಗ್ರೌಟ್, ನೋಡಲು ಮೊಣಕಾಲೂರಿ ಕುಳಿತು, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದೆ. ಮೂರು ಮೂಲೆಯಲ್ಲಿ ಗಟ್ಟಿ ಸದ್ದು. ಚರಂಡಿ ಕಡೆಯ ಮೂಲೆಯಲ್ಲಿ ಡಬ್ ಡಬ್. ಕಾರಣ ಸೈಜಿಂಗ್. ಎಳೆಗಳು ಒಂದಕ್ಕೊಂದು ಉಜ್ಜದಿರಲಿ, ಮುಂದೆ ರೆಸಿನ್ ಅನ್ನುವ ಪ್ಲಾಸ್ಟಿಕ್ ಅಂಟಿಗೆ ಹಿಡಿಯಲಿ ಅಂತ ಬಳಿಯುವ ನೀರು ಅದು. ಸಿಲೇನ್ ಅನ್ನುವ, ಹಾಗೆ ಹಿಡಿಸುವ ರಾಸಾಯನಿಕ ಕರಗಲು ಅದರಲ್ಲಿ ಸ್ವಲ್ಪ ಅಸಿಟಿಕ್ ಆಮ್ಲ ಹಾಕಿರುತ್ತಾರೆ. ವರ್ಷಗಟ್ಟಲೆ ಅದೇ ಮೂಲೆಗೆ ತೊಟ್ಟಿಕ್ಕಿ ಸಿಮೆಂಟ್ ಗ್ರೌಟನ್ನು ಮೆಲ್ಲಗೆ ತಿಂದುಬಿಟ್ಟಿತ್ತು. ಬೋಲ್ಟ್ ಹಿಡಿದಿದ್ದದ್ದು ಪೊಳ್ಳು ಜಾಗವನ್ನು.

ಯಂತ್ರ ನಿಲ್ಲಿಸಲು ಮೊದಲು ಸಿಕ್ಕಿದ್ದು ಒಂದೇ ತಾಸು. ಸಡಿಲ ಮೂಲೆಗೆ ತೆಳು ಉಕ್ಕಿನ ತಗಡು ತುರುಕಿ ಬಿಗಿದೆವು. ಮಾರನೇ ದಿನ ನೋಟ್‌ಬುಕ್ ನೋಡಿದರೆ 17ನೇ ನಿಮಿಷ ಪೂರ್ತಿ ಖಾಲಿ. ಆದರೆ ಬ್ರೇಕ್‌ಗಳೆಲ್ಲ 4, 5ನೇ ನಿಮಿಷಕ್ಕೆ ಬಂದು ಕೂತಿದ್ದವು! ಮೀಟಿಂಗಿನಲ್ಲಿ ಬೈಸಿಕೊಂಡೆ, ಸುಧಾರಣೆ ಎಲ್ಲಿ ಅಂತ. ಒಳಗೊಳಗೇ ನನಗೆ ಹಬ್ಬ. ಲೆಕ್ಕ ಹಾಕಿದರೆ ಅದು 1,560 ಸುತ್ತು. ಅಡಿಪಾಯ ಸ್ವಲ್ಪ ಗಟ್ಟಿಯಾಗಿತ್ತು, ಲಯ ಮೇಲಕ್ಕೆ ಸರಿದಿತ್ತು. ಇನ್ನೊಂದಿಷ್ಟು ಗಟ್ಟಿ ಮಾಡಿದರೆ 1,590 ದಾಟಿ ನಮ್ಮ ದಾರಿಯಿಂದಲೇ ಆಚೆ ಹೋಗುತ್ತದೆ.

ಆ ಲೆಕ್ಕದ ಹಾಳೆ ತೋರಿಸಿದ ಮೇಲೆ ಎರಡು ದಿನ ಸಿಕ್ಕಿತು. ಮೇಲೆ ಗಾಜು ನಿಲ್ಲೋದಿಲ್ಲ, ನೆನಪಿರಲಿ. ಬುಶಿಂಗ್ ಉಷ್ಣತೆ ಇಳಿಸಿದರೂ ಹನಿ ಬೀಳುತ್ತಲೇ ಇರುತ್ತದೆ. ತಗಡಿನ ಚಪ್ಪರ ಕಟ್ಟಿ ಅದರಡಿ ಕೆಲಸ ಮಾಡಿದೆವು. ಹಳೆ ಗ್ರೌಟ್ ಒಡೆದು ತೆಗೆಯೋದು ಸುಲಭ, ಅಡಿಯ ಕಾಂಕ್ರೀಟ್ ಒಣಗಿಸೋದೇ ಕಷ್ಟ. ಸುತ್ತ ಪ್ಲಾಸ್ಟಿಕ್ ಹೊದಿಸಿ ಬಿಸಿಗಾಳಿ ಊದಿದೆವು, ಒಂದು ಇಡೀ ದಿನ. ಆಮೇಲೆ ಎಪಾಕ್ಸಿ ಗ್ರೌಟ್ ಸುರಿದು ರಾತ್ರಿಯೆಲ್ಲ ಬಿಟ್ಟೆವು. ನೆಲದ ಮೇಲೆ ಮಲಗಿ ಕೆಲಸ ಮಾಡಿದ್ದಕ್ಕೆ ಮೈಗೆಲ್ಲ ಗಾಜಿನ ಚೂರು. ನಸಗುನ್ನಿ ಕಾಯಿ ತಾಗಿದ ಹಾಗೆ ಉರಿ. ಹೊಸಬರಿಗೆ ಒಂದು ಮಾತು: ಉಜ್ಜಬೇಡಿ, ನೀರು ಸುರಿದುಕೊಳ್ಳಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ.

ಆ ಮೂಲೆಗೆ ಸೈಜಿಂಗ್ ಮತ್ತೆ ಬೀಳದ ಹಾಗೆ ಒಂದು ಸ್ಟೇನ್‌ಲೆಸ್ ತಗಡನ್ನು ಬಗ್ಗಿಸಿ, ಚರಂಡಿ ಕಡೆಗೆ ಇಳಿಜಾರು ಕೊಟ್ಟು ಕೂರಿಸಿದೆ. ಇಡೀ ಕತೆಯಲ್ಲಿ ನನ್ನ ಸ್ವಂತದ್ದು ಅಂತ ಹೇಳಿಕೊಳ್ಳಬಹುದಾದದ್ದು ಆ ತಗಡು ಒಂದೇ. ಎಲ್ಲಾ ಪೊಸಿಷನ್‌ಗೂ ಅಂಥದ್ದೇ ಹಾಕಿಸಿದರು.

14ರ ಬ್ರೇಕ್ ಶಿಫ್ಟಿಗೆ ಎರಡಕ್ಕೆ ಇಳಿಯಿತು. ಆ ಎರಡಕ್ಕೆ ನಿಮಿಷದ ನಿಯಮ ಇರಲಿಲ್ಲ, ಯಾವಾಗ ಬೇಕಾದರೂ ಆಗುತ್ತಿತ್ತು. ಇಳಿಸಿದ್ದ ಹಳೆ ಬುಶಿಂಗ್ ಅಷ್ಟರಲ್ಲಿ ಕರಗಿಸಲು ಹೋಗಿಯಾಗಿತ್ತು. ಇನ್ನೂ ಕೆಲವು ತಿಂಗಳು ನಡೆಯುತ್ತಿತ್ತೇನೋ ಪಾಪ.

ನೋಟ್‌ಬುಕ್ ಮಾತ್ರ ನಿಲ್ಲಲಿಲ್ಲ. ಆಪರೇಟರ್‌ಗಳೇ ಬೇರೆ ಪೊಸಿಷನ್‌ಗಳಿಗೂ ಒಂದೊಂದು ಕಟ್ಟಿದರು. ತಿಂಗಳಾದ ಮೇಲೆ ಅದೇ ಹಿರಿಯರು ಬಂದು, "9ರಲ್ಲಿ 23ನೇ ನಿಮಿಷ ಸಾರ್" ಅಂದರು. ಕ್ಯಾಲ್ಕುಲೇಟರ್ ತೆಗೆದು ಒತ್ತಿದೆ. 1,445 ಸುತ್ತು. ಲೋಟವನ್ನು ಕ್ಯಾಂಟೀನಿಗೆ ವಾಪಸ್ ಕೊಟ್ಟಾಗಿತ್ತು. ಮತ್ತೆ ಹೋಗಿ ಕೇಳಿ ತಂದೆ.