ಪುಟ್ಟ ನಾಯಿಮರಿಯನ್ನು ನೆಲಕ್ಕೆ ಬಿಡಿ

ಹೋದ ತಿಂಗಳು ನಮ್ಮ ಓಣಿಗೆ ಮೂರನೇ ನಾಯಿಮರಿ ಬಂತು. ಮೂರೂ ಸಣ್ಣ ಜಾತಿಯವು. ಮೂರು ಮನೆಯವರೂ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಕಾಕೂ, ಇದಕ್ಕ ಏನು ತಿನ್ನಸೋದು?" ಊಟದ ಮಾತು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಹೇಳಬೇಕಾದ್ದು ಬಹಳ ಇದೆ. ಧಾರವಾಡದ ಮಾಳಮಡ್ಡಿಯ ಈ ಮನೆಯಲ್ಲಿ ಮೂವತ್ತು ವರ್ಷದಲ್ಲಿ ನಾಲ್ಕು ಸಣ್ಣ ನಾಯಿ ಬೆಳೆದಿವೆ. ಮೊದಲನೆಯದಕ್ಕೆ ನಾನು ಮಾಡಿದ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು.

ಆ ಮೊದಲನೆಯದು ಬೆಳ್ಳಿ. ಬೆಳ್ಳಗೆ, ಹತ್ತಿಯ ಉಂಡೆ ಇದ್ದಂಗೆ ಇತ್ತು. ನಾವು ಅದನ್ನು ಕೆಳಗೆ ಇಳಿಸಲೇ ಇಲ್ಲ. ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆ. ಯಾರಾದರೂ ಮನೆಗೆ ಬಂದಾಗ ಗುರ್ ಅಂದರೆ ಎಲ್ಲರೂ ನಗುತ್ತಿದ್ದೆವು. ಅಷ್ಟು ಸಣ್ಣದು ಗುರ್ ಅಂದರೆ ಯಾರಿಗೆ ನಗು ಬರಲ್ಲ ಹೇಳಿ? ವರ್ಷ ತುಂಬುವಷ್ಟರಲ್ಲಿ ಹಾಲು ಹಾಕುವ ಹುಡುಗನ ಕಾಲಿಗೆ ಬಾಯಿ ಹಾಕಿತು. ದೀಪಾವಳಿ ಬಂತೆಂದರೆ ಮಂಚದ ಕೆಳಗೆ ಸೇರಿ ನೀರು ಸಹಿತ ಮುಟ್ಟುತ್ತಿರಲಿಲ್ಲ. ಓಣಿಯವರು ಸಿಟ್ಟಿನ ನಾಯಿ ಅಂದರು. ಪಾಪ, ಅದಕ್ಕೆ ಇದ್ದದ್ದು ಹೆದರಿಕೆ. ಹದಿಮೂರು ವರ್ಷ ಹೆದರಿಕೆಯಲ್ಲೇ ಬದುಕಿತು. ಅದು ನೆನಪಾದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ.

ಮೊದಲು ಯಾವ ಜಾತಿ ಅಂತ ಯೋಚಿಸಿ. ನಮ್ಮ ಕಡೆ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಎರಡು ಮೂರು ಕಿಲೋ ಅಷ್ಟೆ. ಸ್ಪಿಟ್ಜ್ ಐದಾರು ಕಿಲೋ ತೂಗುತ್ತದೆ, ಇಲ್ಲಿಯ ಬಿಸಿಲಿಗೆ ಹೊಂದಿಕೊಂಡಿದೆ. ಮೊದಲ ಸಲ ನಾಯಿ ಸಾಕುವವರಿಗೆ ನಾನು ಅದನ್ನೇ ಹೇಳುತ್ತೇನೆ. 2003ರಲ್ಲಿ ಟಿವಿಯಲ್ಲಿ ಹಚ್ ಮೊಬೈಲಿನ ಜಾಹೀರಾತು ಬಂದ ಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಪಗ್ ಬಹಳ ಪ್ರೀತಿಯ ನಾಯಿ, ಆದರೆ ಮೂಗು ಚಪ್ಪಟೆ ಇರುವುದರಿಂದ ಅದಕ್ಕೆ ಉಸಿರಾಟವೇ ಕಷ್ಟ. ಏಪ್ರಿಲ್ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ 38 ಡಿಗ್ರಿ ಮುಟ್ಟುತ್ತದೆ, ಗದಗಿನ ಕಡೆ ಝಳವೂ ಹಾಗೇ ಇರುತ್ತದೆ. ಮನೆಯಲ್ಲಿ ತಂಪಾದ ಕೋಣೆ ಇಲ್ಲದವರು ಪಗ್ ತರಬೇಡಿ. ಡ್ಯಾಶ್‌ಹೌಂಡ್‌ಗೆ ಉದ್ದ ಬೆನ್ನು. ಮೆಟ್ಟಿಲು ಹತ್ತಿ ಇಳಿಯುವುದು, ಮಂಚದಿಂದ ಜಿಗಿಯುವುದು ಜಾಸ್ತಿ ಆದರೆ ಬೆನ್ನುಮೂಳೆಯ ತೊಂದರೆ ಬರುತ್ತದೆ. ಶಿಟ್ಜುಗೆ ದಿನಾ ಕೂದಲು ಬಾಚಬೇಕು. ದಿನಾ ಅಂದರೆ ದಿನಾ. ಇನ್ನು "ಟೀಕಪ್" ಅಂತ ಹೇಳಿ ಅಂಗೈಯಲ್ಲಿ ಹಿಡಿಸುವ ಮರಿ ಮಾರುತ್ತಾರಲ್ಲ, ಅಂಥ ಜಾತಿಯೇ ಇಲ್ಲ. ಅದು ಬೆಳವಣಿಗೆ ಕುಂಠಿತವಾದ ಮರಿ ಇರುತ್ತದೆ, ಇಲ್ಲವೇ ತಾಯಿಯಿಂದ ಬೇಗ ಕಿತ್ತು ತಂದದ್ದು.

ಬೇಗ ಕಿತ್ತು ತರುವುದರ ಬಗ್ಗೆ ನನಗೆ ಬಹಳ ಸಂಕಟವಿದೆ. ಮಾರುವವರು "45 ದಿನದ ಮರಿ, ತಗೊಂಡು ಹೋಗ್ರಿ" ಅನ್ನುತ್ತಾರೆ. ಎಲ್ಲರೂ ಅದನ್ನೇ ಪದ್ಧತಿ ಅಂದುಕೊಂಡಿದ್ದಾರೆ. 45 ದಿನ ಅಂದರೆ ಆರೂವರೆ ವಾರ. ನಮ್ಮ ದೇಶದ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ಆಗದ ಮರಿಯನ್ನು ಮಾರುವಂತೆಯೇ ಇಲ್ಲ. ಅದಕ್ಕೆ ಕಾರಣವೂ ಇದೆ. ಕೊನೆಯ ಆ ಎರಡು ವಾರದಲ್ಲಿ ಮರಿ ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಾ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಕಲಿಯುತ್ತದೆ. ಅದನ್ನು ತಾಯಿ ಕಲಿಸಿದಂಗೆ ನಾವು ಕಲಿಸಲಿಕ್ಕೆ ಆಗುವುದಿಲ್ಲ. ನಾನು ಎರಡನೇ ನಾಯಿಯನ್ನು ಇಂಥವರ ಮಾತು ನಂಬಿ ತಂದೆ. ಐದೇ ದಿನಕ್ಕೆ ವಾಂತಿ, ರಕ್ತಭೇದಿ. ಪಾರ್ವೋ ಅಂದರು ಡಾಕ್ಟರು. ಒಂಬತ್ತು ದಿನ ಸಲೈನ್ ಏರಿಸಿ ಬದುಕಿಸಿದೆವು. ಆ ಕಾಯಿಲೆಯ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಂದು ಮರಿಗೆ ಆ ಕಾಯಿಲೆ ಬಂದಿದ್ದರೆ, ಅದೇ ಮನೆಗೆ ಇನ್ನೊಂದು ಮರಿ ತರುವ ಮುಂಚೆ ಡಾಕ್ಟರನ್ನು ಕೇಳಿ.

ಮರಿ ನೋಡಲಿಕ್ಕೆ ಹೋದಾಗ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ತಾಯಿ ನಿಮ್ಮನ್ನು ನೋಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಲ್ಲಿ ಅರ್ಧ ಗೊತ್ತಾಗುತ್ತದೆ. ಆಮೇಲೆ ನೆಲದ ಮೇಲೆ ಕೂಡಿ. ಕೈಯಲ್ಲಿರುವ ಕೀಲಿಗೊಂಚಲನ್ನು ಸ್ವಲ್ಪ ದೂರಕ್ಕೆ ಬೀಳಿಸಿ. ಒಳ್ಳೆಯ ಮರಿ ಒಮ್ಮೆ ಬೆಚ್ಚಿ, ಆಮೇಲೆ ಹತ್ತಿರ ಬಂದು ಮೂಸುತ್ತದೆ. ಮೂಲೆಗೆ ಓಡಿ ಹೊರಗೇ ಬರದ ಮರಿಯನ್ನು ಅಯ್ಯೋ ಪಾಪ ಅಂತ ಎತ್ತಿಕೊಂಡು ಬರಬೇಡಿ, ಅದನ್ನು ಸಾಕಲು ಅನುಭವ ಬೇಕು. ಹೊಟ್ಟೆ ಮಡಿಕೆಯಂತೆ ಉಬ್ಬಿದ್ದರೆ ಜಂತು ಇರಬಹುದು. ವಸಡು ಗುಲಾಬಿ ಬಣ್ಣ ಇರಬೇಕು, ಕಣ್ಣಲ್ಲಿ ಪಿಸುರು ಇರಬಾರದು. ಬರುವಾಗ ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು ಕೇಳಿ ತನ್ನಿ. ಮೊದಲ ರಾತ್ರಿಗಳಲ್ಲಿ ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ, ಅತ್ತರೆ ಕೈ ಇಳಿಬಿಟ್ಟು ಮುಟ್ಟಿ. ಬೇರೆ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿದರೆ ಅದು ಹಟಕ್ಕಲ್ಲ, ಭಯಕ್ಕೆ ಅಳುತ್ತದೆ.

ಈಗ ಊಟ. ಸಣ್ಣ ಜಾತಿಯ ಮರಿಗೆ ಹೊಟ್ಟೆಯೂ ಸಣ್ಣದು, ಮೈಯಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ. ಎರಡು ಹೊತ್ತು ಹಾಕಿದರೆ ಸಾಲದು, ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ಪಕ್ಕದ ಮನೆಯ ಸೊಸೆ ಒಂದು ದಿನ ಬೆಳಗ್ಗೆ ಆರಕ್ಕೇ ಬಾಗಿಲು ಬಡಿದಳು. "ಕಾಕೂ, ಲಗೂ ಬರ್ರಿ, ಮರಿ ನಡಗ್ಲಿಕತ್ತದ, ಎದ್ದು ನಿಂದ್ರವಲ್ತು." ಹೋಗಿ ನೋಡಿದೆ. ತಲೆ ಒಂದು ಕಡೆ ವಾಲಿತ್ತು, ಕಾಲು ಒದ್ದೆ ಬತ್ತಿಯಂತೆ ಜೋತುಬಿದ್ದಿತ್ತು. ರಾತ್ರಿ ಏಳಕ್ಕೆ ಊಟ ಆದ ಮೇಲೆ ಏನೂ ಕೊಟ್ಟಿರಲಿಲ್ಲವಂತೆ. ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಜೇನುತುಪ್ಪ ಬೆರಳಿಗೆ ಹಚ್ಚಿ ಅದರ ವಸಡಿಗೆ ಸವರಿದೆ, ಬಾಯಿಗೆ ಸುರಿಯಲಿಲ್ಲ. ಪ್ರಜ್ಞೆ ಸರಿಯಿಲ್ಲದಾಗ ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ನಾಲಿಗೆ ಆಡಿಸಿತು, ಆಮೇಲೆ ನನ್ನ ಬೆರಳು ನೆಕ್ಕಿತು. ಅಲ್ಲಿಗೇ ಬಿಡಲಿಲ್ಲ, ಆಟೋ ಮಾಡಿಕೊಂಡು ಸೀದಾ ಡಾಕ್ಟರ ಹತ್ತಿರ ಹೋದೆವು. ಮಲಗುವ ಮುಂಚೆ ಒಂದು ತುತ್ತು, ಎದ್ದ ಕೂಡಲೇ ಒಂದು ತುತ್ತು, ಇದನ್ನು ತಪ್ಪಿಸಬೇಡಿ.

ನಮ್ಮದು ಸಸ್ಯಾಹಾರದ ಮನೆ. ಬೆಳ್ಳಿಗೆ ಮೊಸರನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕಿಯೇ ಬೆಳೆಸಿದೆವು. ಈಗ ಹಾಗೆ ಮಾಡಲ್ಲ. ಬೆಳೆಯುವ ಮರಿಗೆ ಬರೀ ರೊಟ್ಟಿ ಅನ್ನದಲ್ಲಿ ಪ್ರೋಟೀನು ಸಾಲುವುದಿಲ್ಲ, ಹಾಲು ಎಷ್ಟೋ ಮರಿಗಳಿಗೆ ಭೇದಿ ತರಿಸುತ್ತದೆ. ಸಣ್ಣ ಜಾತಿಯ ಮರಿಗಳಿಗೆ ಅಂತಲೇ ಸಿಗುವ ಕಾಳಿನಂಥ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ. ಮೊಟ್ಟೆ ಕುದಿಸಿ ಕೊಡಲು ಅಡ್ಡಿ ಇಲ್ಲದವರು ಅದನ್ನೂ ಕೊಡಬಹುದು. ಹಳೆಯ ಊಟದಿಂದ ಹೊಸ ಊಟಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಪಾಯಸದಲ್ಲಿನ ಒಣದ್ರಾಕ್ಷಿಯೂ ಸೇರಿತು. ಪೇಢೆ ವಿಷ ಅಲ್ಲ, ಆದರೂ ಬೇಡ. ಮೊಮ್ಮಕ್ಕಳಿಗೆ ಇದನ್ನು ಕೂರಿಸಿ ಹೇಳಿ.

ನಾನು ಬೆಳ್ಳಿಯಲ್ಲಿ ಕಳೆದುಕೊಂಡದ್ದು ಮರಿಗೆ ಲೋಕ ತೋರಿಸುವ ಕಾಲವನ್ನು. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಏನು ನೋಡುತ್ತದೋ, ಏನು ಕೇಳುತ್ತದೋ ಅದೆಲ್ಲ ಮರಿಗೆ ತನ್ನದು ಅನ್ನಿಸುತ್ತದೆ. ಆಮೇಲೆ ಹೊಸದೆಲ್ಲ ಅನುಮಾನವೇ. ನೀವು ಎಂಟು ವಾರಕ್ಕೆ ತಂದರೆ ನಿಮ್ಮ ಕೈಗೆ ಸಿಗುವುದು ಆರೇ ವಾರ. ಆದರೆ ಲಸಿಕೆ ಮುಗಿಯದೆ ಹೊರಗೆ ಬಿಡಬೇಡಿ ಅಂತ ಡಾಕ್ಟರು ಹೇಳುತ್ತಾರೆ, ಅವರು ಹೇಳುವುದೂ ಖರೆ. ಆರರಿಂದ ಎಂಟು ವಾರಕ್ಕೆ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಮೂರು ತಿಂಗಳಿಗೆ ರೇಬಿಸ್ ಸೂಜಿ. ಎಲ್ಲ ಮುಗಿಯುವಷ್ಟರಲ್ಲಿ ಆ ಆರು ವಾರ ಹೋಗಿಬಿಟ್ಟಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ: ಮನೆಯೊಳಗೆ ನೆಲಕ್ಕೆ ಬಿಡಿ, ಹೊರಗೆ ಎತ್ತಿಕೊಳ್ಳಿ. ನಾವು ಮಾಡುತ್ತಿದ್ದದ್ದು ಸರಿಯಾಗಿ ಇದರ ಉಲ್ಟಾ. ಮೂರನೇ ನಾಯಿ ಗುಂಡ್ಯಾ ಬಂದಾಗ ಸಂತೆಯ ಕೈಚೀಲದಲ್ಲಿ ಹಳೇ ದಟ್ಟಿ ಹಾಸಿ, ಅದರಲ್ಲಿ ಕೂಡಿಸಿ, ತಲೆ ಹೊರಗೆ ಇಟ್ಟು ದಿನಾ ಸಂಜೆ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತೆ. ನಮ್ಮ ಮನೆಗೆ ರೈಲಿನ ಹಳಿ ಹತ್ತಿರ. ಮೊದಲ ದಿನ ಕೂಗು ಕೇಳಿ ಚೀಲದೊಳಗೆ ಮುಳುಗಿತು. ನಾನು ಸಮಾಧಾನ ಹೇಳುತ್ತಾ ಕೂರಲಿಲ್ಲ, ಒಂದು ಕಾಳು ತಿನಿಸು ಬಾಯಿಗೆ ಇಟ್ಟೆ ಅಷ್ಟೆ. ಐದನೇ ದಿನಕ್ಕೆ ರೈಲು ಕೂಗಿದರೆ ನನ್ನ ಕೈ ನೋಡಲಿಕ್ಕೆ ಶುರು ಮಾಡಿತು. ಹೀಗೇ ಹೆಲ್ಮೆಟ್ ಹಾಕಿದವರು, ರುಮಾಲು ಸುತ್ತಿದ ಅಜ್ಜಂದಿರು, ಕೊಡೆ ಹಿಡಿದವರು, ತರಕಾರಿ ಗಾಡಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು, ಒಂದೊಂದೇ ತೋರಿಸಿದೆ. ದಿನಕ್ಕೆ ಒಂದೆರಡು ಹೊಸದು ಸಾಕು. ಎಲ್ಲ ಒಮ್ಮೆಲೇ ತೋರಿಸುತ್ತೇವೆ ಅಂತ ಹುಬ್ಬಳ್ಳಿಯ ದುರ್ಗದ ಬೈಲಿನಂಥ ಗದ್ದಲದ ಪೇಟೆಗೆ ಭಾನುವಾರ ಸಂಜೆ ಒಯ್ಯಬೇಡಿ. ಮರಿ ಮುಖ ತಿರುಗಿಸಿದರೆ, ಪದೇಪದೇ ಆಕಳಿಸಿದರೆ, ಬಾಲ ಒಳಗೆ ಸೇರಿಸಿದರೆ ಅವತ್ತಿಗೆ ಸಾಕು.

ಹಲಗಿ ಸದ್ದಿನದ್ದು ಬೇರೆಯೇ ಹೇಳಬೇಕು. ಹೋಳಿ ರಂಗಪಂಚಮಿ ಬಂದರೆ ಹುಬ್ಬಳ್ಳಿಯಲ್ಲಿ ಕಿವಿ ಕಿವುಡಾಗುವಷ್ಟು ಬಾರಿಸುತ್ತಾರೆ. ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಮೊಬೈಲಿನಲ್ಲಿ ಹಲಗಿ ಸದ್ದು, ಪಟಾಕಿ ಸದ್ದು ಬಹಳ ಸಣ್ಣಗೆ ಹಚ್ಚಿ, ಮರಿ ಊಟ ಮಾಡುವಾಗ. ನಾಲ್ಕೈದು ದಿನಕ್ಕೊಮ್ಮೆ ಒಂದು ಚೂರು ಏರಿಸಿ. ಕುಕ್ಕರ್ ಸೀಟಿ, ಮಿಕ್ಸರ್, ಪೂಜೆಯ ಗಂಟೆ ಮನೆಯಲ್ಲೇ ಅಭ್ಯಾಸ ಆಗುತ್ತವೆ.

ಮನೆಗೆ ಬಂದವರು, ಅದರಲ್ಲೂ ಮಕ್ಕಳು, ಮರಿಯನ್ನು ನಿಂತುಕೊಂಡು ಎತ್ತಬಾರದು. ಕೈ ಜಾರಿ ಬಿದ್ದರೆ ಸಣ್ಣ ನಾಯಿಯ ಕಾಲು ಕಡ್ಡಿಯಂತೆ ಮುರಿಯುತ್ತದೆ. ನೆಲಕ್ಕೆ ಕೂಡಲಿ, ಮರಿಯೇ ಬರಲಿ. ಬರದಿದ್ದರೆ ಬಿಡಲಿ. ಬೇರೆ ನಾಯಿಯ ಗೆಳೆತನವೂ ಬೇಕು, ಆದರೆ ಲಸಿಕೆ ಆದ, ಸಮಾಧಾನದ, ಗುರುತಿನವರ ನಾಯಿ ಇರಲಿ.

ಕಲಿಸುವ ವಿಷಯಕ್ಕೆ ಬಂದರೆ, ಮೊದಲು ಮನೆಯವರೇ ಒಂದು ಮಾತಿಗೆ ಬರಬೇಕು. ನಮ್ಮಲ್ಲಿ ನಾನು "ಕುಂದ್ರು" ಅನ್ನುತ್ತಿದ್ದೆ, ನಮ್ಮ ಯಜಮಾನರು "ಕೂಡು", ಮೊಮ್ಮಗ "ಸಿಟ್". ಮರಿ ಮೂವರ ಮುಖವನ್ನೂ ಸುಮ್ನೆ ನೋಡುತ್ತಿತ್ತು. ಕೊನೆಗೆ "ಕೂಡು" ಒಂದೇ ಅಂತ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದೆವು, ಎರಡೇ ದಿನಕ್ಕೆ ಕಲಿಯಿತು. ತಿನಿಸಿಗೆ ಉಪ್ಪು ಖಾರ ಇಲ್ಲದ ಚುರುಮುರಿ ಒಂದೊಂದೇ ಕೊಟ್ಟರೂ ನಡೆಯುತ್ತದೆ, ಕುದಿಸಿದ ಗಜ್ಜರಿ ಚೂರೂ ಆಗುತ್ತದೆ. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಜಾಸ್ತಿ ಎಳೆಯಬೇಡಿ.

ಉಚ್ಚೆಯ ಚಿಂತೆ ಎಲ್ಲರಿಗೂ ಇರುತ್ತದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಅಷ್ಟು ತಾಸು ತಡೆದುಕೊಂಡರೆ ಬಹಳ ಆಯಿತು. ಸಣ್ಣ ಜಾತಿಯದ್ದು ಅಷ್ಟೂ ತಡೆಯಲಿಕ್ಕಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಅಂಗಳದ ಒಂದೇ ಜಾಗಕ್ಕೆ ಒಯ್ಯಿರಿ, ಮಾಡಿದ ಕ್ಷಣಕ್ಕೇ ಹೊಗಳಿ. ಬೇರೆ ನಾಯಿ ಬರದ ಅಂಗಳ ಇರಬೇಕು, ಇಲ್ಲದಿದ್ದರೆ ಮೊದಮೊದಲು ಬಚ್ಚಲಲ್ಲಿ ಪೇಪರ್ ಹಾಸಿ. ಒಳಗೆ ಮಾಡಿದರೆ ಮೂಗು ಅದಕ್ಕೆ ಉಜ್ಜುವುದು, ಹೊಡೆಯುವುದು ಮಾಡಬೇಡಿ. ಹಾಗೆ ಮಾಡಿದರೆ ನಿಮಗೆ ಕಾಣದ ಹಾಗೆ ಸೋಫಾದ ಹಿಂದೆ ಮಾಡುವುದನ್ನು ಕಲಿಯುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವವರೆಗೆ ಮರಿಯನ್ನು ಆ ಕಡೆ ಬಿಡಬೇಡಿ, ಅದು ಕಾಲು ನೆಕ್ಕಿಕೊಳ್ಳುತ್ತದೆ.

ಕಚ್ಚಿದರೆ ಆಟ ನಿಲ್ಲಿಸಿ, ಎದ್ದು ಹೋಗಿ, ಅರ್ಧ ನಿಮಿಷ ಬಿಟ್ಟು ಬನ್ನಿ. ನಾಲ್ಕರಿಂದ ಏಳು ತಿಂಗಳಲ್ಲಿ ಹಾಲುಹಲ್ಲು ಬೀಳುತ್ತವೆ, ಆಗ ಅಗಿಯಲು ಒದ್ದೆ ಬಟ್ಟೆ ಹುರಿಮಾಡಿ ತಂಪು ಮಾಡಿ ಕೊಡಿ, ಪಕ್ಕದಲ್ಲೇ ಕೂತಿರಿ. ಸಣ್ಣ ನಾಯಿಗಳಲ್ಲಿ ಕೆಲವು ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿಯುತ್ತವೆ, ಡಾಕ್ಟರಿಗೆ ತೋರಿಸಿ. ಸೂಜಿ ಪೂರ್ತಿ ಆಗದ ಮರಿಯ ಹಲ್ಲು ಚರ್ಮ ಸೀಳಿದರೆ ಹಗುರ ಮಾಡಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಯಾರೂ ಏನೂ ಮಾಡಲಿಕ್ಕೆ ಆಗುವುದಿಲ್ಲ.

ದಿನಾ ಒಂದು ಸಲ ಪಂಜ, ಕಿವಿ, ಬಾಯಿ ಮುಟ್ಟಿ ನೋಡಿ. ರಕ್ತ ಹೀರುವ ಉಣ್ಣೆ ಹುಳ ಅಂಟಿದ್ದರೆ ಆಗಲೇ ಸಿಗುತ್ತದೆ, ಮುಂದೆ ಉಗುರು ಕತ್ತರಿಸಲಿಕ್ಕೂ ಮರಿ ಒದ್ದಾಡುವುದಿಲ್ಲ. ಹೊರಗೆ ನಡೆಸುವಾಗ ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ. ಪಾಮೇರಿಯನ್ನಿನಂಥ ಸಣ್ಣ ನಾಯಿಗಳ ಶ್ವಾಸನಾಳ ಮೆತ್ತಗೆ, ಎಳೆದರೆ ಕೆಮ್ಮು ಹತ್ತುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಬೇಸಿಗೆಯಲ್ಲಿ ತಂಪಾಗಲಿ ಅಂತ ಸ್ಪಿಟ್ಜ್‌ನ ಕೂದಲು ಬೋಳಿಸಬೇಡಿ, ಆ ಎರಡು ಪದರದ ಕೂದಲೇ ಅದನ್ನು ಬಿಸಿಲಿನಿಂದ ಕಾಯುವುದು. ಧಾರವಾಡದ ಮಳೆಗಾಲದಲ್ಲಿ ಸ್ನಾನ ಕಡಿಮೆ ಮಾಡಿ, ಮಾಡಿಸಿದರೆ ಬುಡದವರೆಗೂ ಒಣಗಿಸಿ.

ಸೂಜಿಯ ಕಾರ್ಡನ್ನು ಗ್ಯಾಸಿನ ಪುಸ್ತಕದ ಜೊತೆ ಒಂದೇ ಡಬ್ಬಿಯಲ್ಲಿಡಿ. ಮುಂದಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಗುರುತು ಮಾಡಿದಂಗೆ ಕೆಂಪು ಪೆನ್ನಿನಲ್ಲಿ ಸುತ್ತಿ. ನಮ್ಮ ಕ್ಯಾಲೆಂಡರಿನಲ್ಲಿ ಈಗ ನಾಲ್ಕು ಸುತ್ತು ಇವೆ. ಒಂದು ನಮ್ಮ ನಾಯಿಯದು, ಮೂರು ಓಣಿಯ ಹೊಸ ಮರಿಗಳದು.