ಸೊಂಟದ ಫೋನ್ ಚೀಲ: ಹೊಲಿಯುವುದಾದರೆ ನೆಟ್ಟಗೆ ಹೊಲಿಯಿರಿ

ಹಳೇ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಕತ್ತರಿಸೋದು, ಅದರ ಬೆನ್ನಿಗೆ ಒಂದು ಕ್ಲಿಪ್ಪು ಗೋಂದು ಹಚ್ಚಿ ಅಂಟಿಸೋದು, ಬೆಲ್ಟಿಗೆ ಸಿಕ್ಕಿಸಿಕೊಂಡು ಫೋಟೋ ತೆಗೆದು ಎಲ್ಲರಿಗೂ ಕಳಿಸೋದು. ಈಗಿನ ಮಕ್ಕಳ ಹೊಲಿಗೆ ಕೆಲಸ ಅಂದರೆ ಇಷ್ಟೇ ಆಗಿದೆ. ಅದರಲ್ಲಿ ಹೊಲಿಗೆ ಎಲ್ಲಿದೆ ಅಂತ ನಾನು ಹುಡುಕುತ್ತಲೇ ಇದ್ದೇನೆ. ನಮ್ಮ ಅಕ್ಕನ ಮೊಮ್ಮಗ ಇಂಥದ್ದೊಂದನ್ನು ಕಟ್ಟಿಕೊಂಡು ತೋಟಕ್ಕೆ ಇಳಿದ. ಬಿದ್ದ ಅಡಿಕೆ ಹಾಳೆ ಹೆಕ್ಕಲು ಬಗ್ಗಿದ್ದೇ ತಡ, ಕ್ಲಿಪ್ಪು ಬೆಲ್ಟಿನಲ್ಲಿ ಉಳಿಯಿತು, ಚೀಲ ಫೋನಿನ ಸಮೇತ ಬಸಿಗಾಲುವೆಗೆ ಇಳಿಯಿತು. "ಗೋಂದು ಸರಿ ಇರಲಿಲ್ಲ ಅಮ್ಮಮ್ಮ" ಅಂದ. ಗೋಂದು ಸರಿಯಾಗಿಯೇ ಇತ್ತು ಮಾರಾಯ, ಹಚ್ಚಿದ ಜಾಗ ತಪ್ಪು.

ಕ್ಷಣದಲ್ಲಿ ಹಿಡಿಯುವ ಆ ಗೋಂದು ಒಡೆದ ಬೊಂಬೆಗೆ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸರಿ. ಬಟ್ಟೆಯ ಮೇಲೆ ಅದು ಗಡುಸಾಗಿ ಕೂರುತ್ತದೆ, ಬಟ್ಟೆ ಬಗ್ಗಿದಾಗ ತಾನು ಬಗ್ಗದೆ ಸೀಳುತ್ತದೆ. ಇನ್ನೊಂದು ವಿಷಯ: ಹತ್ತಿ ಬಟ್ಟೆಯ ಮೇಲೆ ಅದು ಹೆಚ್ಚಿಗೆ ಸುರಿದರೆ ಬಿಸಿಯೇಳುತ್ತದೆ, ಬೆರಳು ಸುಡುವಷ್ಟು. ಜೀನ್ಸ್ ಅಂದರೆ ಹತ್ತಿಯೇ ತಾನೆ. ಹಾಗಾಗಿ ಗೋಂದಿನ ಮಾತು ಇಲ್ಲಿಗೆ ಬಿಡಿ.

ನಮ್ಮ ಅಜ್ಜನ ಸೊಂಟದಲ್ಲಿ ಯಾವಾಗಲೂ ಎಲೆ-ಅಡಿಕೆ ಸಂಚಿ ಇರುತ್ತಿತ್ತು. ಎಲೆಗೊಂದು ಖಾನೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು, ನಡುವೆ ಅಡಕತ್ತರಿ. ಅಡಕತ್ತರಿಯ ಭಾರವೇನು ಕಡಿಮೆಯೇ? ಬಟ್ಟೆ ಸವೆದು ಸವೆದು ಬಣ್ಣ ಹೋಗಿತ್ತು, ಆದರೆ ದಾರ ಕೂಡಿಸಿದ ಮೂಲೆ ಒಂದು ದಿನವೂ ಬಿಟ್ಟುಕೊಟ್ಟದ್ದಿಲ್ಲ. ಅಜ್ಜಿ ಆ ಮೂಲೆಗೆ ಒಳಗಡೆಯಿಂದ ಇನ್ನೊಂದು ದಪ್ಪ ತುಂಡು ಕೊಟ್ಟು ಹೊಲಿಯುತ್ತಿದ್ದಳು. ಚೀಲ ಹೋಗುವುದು ಹೊಟ್ಟೆಯಲ್ಲಿ ಅಲ್ಲ, ನೇತಾಡುವ ಜಾಗದಲ್ಲಿ ಅಂತ ಅವಳಿಗೆ ಗೊತ್ತಿತ್ತು. ಜೀನ್ಸ್ ಜೇಬಿನ ಮೂಲೆಯಲ್ಲಿ ತಾಮ್ರದ ರಿವೆಟ್ ಇರುತ್ತದಲ್ಲ, ಅದೂ ಶೋಕಿಗೆ ಬಂದದ್ದಲ್ಲ. ಅಮೆರಿಕದ ನೆವಾಡಾದಲ್ಲಿ ಜೇಕಬ್ ಡೇವಿಸ್ ಅನ್ನುವ ದರ್ಜಿ, ದುಡಿಯುವವರ ಪ್ಯಾಂಟಿನ ಜೇಬು ಕಿತ್ತುಬರದ ಹಾಗೆ ಮಾಡಲು ಅದನ್ನು ಹೊಡೆಯತೊಡಗಿದ. 1873ರಲ್ಲಿ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ ಪೇಟೆಂಟನ್ನೂ ಪಡೆದ. ಅದೇ ಪ್ಯಾಂಟನ್ನು ಕತ್ತರಿಸಿ ಗೋಂದು ಹಚ್ಚುತ್ತೀರಲ್ಲ, ಏನು ಹೇಳಲಿ.

ಹಿಂದೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ, ಅದು ನಿಜ. 2003ರಲ್ಲಿ ಬಂದ ನೋಕಿಯಾ 1100 ಕೇವಲ 86 ಗ್ರಾಂ ತೂಗುತ್ತಿತ್ತು. ಹೇಗೆ ಸಿಕ್ಕಿಸಿದರೂ ನಿಲ್ಲುತ್ತಿತ್ತು, ಬಿದ್ದರೆ ನೆಲಕ್ಕೇ ಪೆಟ್ಟು. ಈಗಿನ ಫೋನು ಕವರ್ ಸೇರಿದರೆ 200 ಗ್ರಾಂ ದಾಟುತ್ತದೆ, ಮೈಯೆಲ್ಲ ಗಾಜು ಬೇರೆ. ಅಂಗಿಯ ಜೇಬಿನಲ್ಲಿಟ್ಟು ಹಂಡೆಗೆ ಬಗ್ಗುವ ಗಂಡಸರಿಗೆ, ಹಾಲು ಕರೆಯಲು ಕೂರುವವರಿಗೆ, ಬೈಕಿನಲ್ಲಿ ಊರೂರು ತಿರುಗುವವರಿಗೆ ಸೊಂಟದ ಚೀಲವೇ ಸರಿ. ಗದ್ದೆ ಅಳೆಯುವವರ ಜಿಪಿಎಸ್ ಯಂತ್ರಕ್ಕೂ ಇದೇ ಕ್ರಮ, ಅಳತೆ ಮಾತ್ರ ಬೇರೆ.

ಅಳತೆ ಅಂದೆನಲ್ಲ, ಟೇಪು ಹುಡುಕಿಕೊಂಡು ಹೋಗಬೇಡಿ. ಫೋನಿಗೆ ಅದರ ಕವರ್ ಹಾಕಿಯೇ ಇರಿ. ಬಟ್ಟೆಯ ಮೇಲೆ ಮಲಗಿಸಿ, ಸುತ್ತ ಒಂದು ಹೆಬ್ಬೆರಳಿನಷ್ಟು ಬಿಟ್ಟು ಸೋಪಿನ ಚೂರಿನಲ್ಲಿ ಗೆರೆ ಹಾಕಿ. ಸ್ನಾನದ ಸೋಪು ಸವೆದು ತೆಳುವಾಗಿ ಉಳಿಯುತ್ತದಲ್ಲ, ಅದು. ನೀಲಿ ಬಟ್ಟೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಒಗೆದರೆ ಹೋಗುತ್ತದೆ. ಬಾಲ್ ಪೆನ್ನಿನಲ್ಲಿ ಗೆರೆ ಎಳೆಯುವವರಿಗೆ ನನ್ನ ಕತ್ತರಿ ಮುಟ್ಟಲು ಕೊಡುವುದಿಲ್ಲ. ಪ್ಯಾಂಟಿನ ಕಾಲಿನ ಉದ್ದಕ್ಕೇ ಚೀಲದ ಉದ್ದ ಬರುವಂತೆ ಕತ್ತರಿಸಿ. ನೀಲಿ ಎಳೆ ಓಡುವುದು ಆ ಕಡೆಗೆ, ಜಗ್ಗುವುದು ಕಡಿಮೆ. ಓರೆಯಾಗಿ ಕತ್ತರಿಸಿದರೆ ತಿಂಗಳೊಳಗೆ ಚೀಲ ಜೋತುಬಿದ್ದು ಫೋನು ಒಳಗೆ ಗಡಗಡ ಅನ್ನುತ್ತದೆ. ಮೊಣಕಾಲಿನ ಜಾಗ ಬಿಡಿ, ಅದು ಆಗಲೇ ಸವೆದಿರುತ್ತದೆ.

ಒಳಗೆ ಹಳೇ ಪಂಚೆಯ ಬಟ್ಟೆ, ನಡುವೆ ಕಂಬಳಿಯ ತುಂಡು. ಪೆಟ್ಟು ತಡೆಯುವುದು ಕಂಬಳಿ, ಗಾಜಿಗೆ ತಾಗುವುದು ಪಂಚೆ. ಮುಂದಿನ ಪದರದಲ್ಲಿ ಹಳೇ ಪ್ಲಾಸ್ಟಿಕ್ ಫೈಲಿನ ರಟ್ಟು ಕತ್ತರಿಸಿ ಸೇರಿಸಿದರೆ ಚೀಲ ನೆಟ್ಟಗೆ ನಿಲ್ಲುತ್ತದೆ. ಗಟ್ಟಿ ಇರಲಿ ಅಂತ ತಗಡು ಹಾಕುವ ಬುದ್ಧಿವಂತರೂ ಇದ್ದಾರೆ. ತಗಡು ಸಿಗ್ನಲ್ಲನ್ನು ತಡೆಯುತ್ತದೆ, ಆಮೇಲೆ "ಫೋನೇ ಬರಲ್ಲ" ಅಂತ ಟವರಿಗೆ ಬೈಯುತ್ತೀರಿ. ಪಂಚೆಯ ಒಳಚೀಲವನ್ನು ಬಾಯಿಯ ಅಂಚಿಗೆ ಮಾತ್ರ ಹೊಲಿಯಿರಿ, ತಳಕ್ಕೆ ಬೇಡ. ಆಗ ಅದನ್ನು ಹೊರಗೆಳೆದು ಕೊಡವಬಹುದು. ಮರಳಿನ ಕಣ ಒಂದು ಒಳಗೆ ಕೂತರೆ ಸಾಕು, ಫೋನ್ ಇಟ್ಟು ತೆಗೆದಷ್ಟು ಸಲ ಗಾಜಿಗೆ ಗೀರು.

ಈಗ ಬೆನ್ನಿನ ಪಟ್ಟಿ. ಕಿವಿಗೊಟ್ಟು ಕೇಳಿ, ಉಳಿದದ್ದು ಹೇಗಾದರೂ ಮಾಡಿಕೊಳ್ಳಿ, ಇದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಿ.

ಹಳೇ ಚರ್ಮದ ಬೆಲ್ಟಿನಿಂದ ನಿಮ್ಮ ಅಂಗೈ ಉದ್ದದ ಒಂದು ತುಂಡು ತೆಗೆದುಕೊಳ್ಳಿ. ರೆಕ್ಸಿನ್ ಬೆಲ್ಟು ಬೇಡ, ಅದು ಪದರ ಪದರವಾಗಿ ಸುಲಿಯುತ್ತದೆ. ಚಪ್ಪಲಿ ರಿಪೇರಿಯವರ ಹತ್ತಿರ ಹೋಗಿ ಆ ತುಂಡಿನ ನಡುಮಧ್ಯಕ್ಕೆ ಸ್ಪ್ರಿಂಗಿನ ಉಕ್ಕಿನ ಕ್ಲಿಪ್ಪನ್ನು ಎರಡು ರಿವೆಟ್ ಹೊಡೆಸಿಕೊಂಡು ಬನ್ನಿ. ಒಂದೇ ರಿವೆಟ್ ಆದರೆ ಚೀಲ ಗಿರಗಿರ ತಿರುಗುತ್ತದೆ. ಕ್ಲಿಪ್ಪನ್ನು ನೇರ ಚೀಲಕ್ಕೇ ಹೊಡೆಸಿದರೆ ರಿವೆಟ್ಟಿನ ತಲೆ ಒಳಗಡೆ ಫೋನಿಗೆ ಒತ್ತುತ್ತದೆ. ಚರ್ಮಕ್ಕೆ ಹೊಡೆಸಿ, ಚರ್ಮವನ್ನು ಚೀಲಕ್ಕೆ ಹೊಲಿದರೆ ಆ ಗೋಳೇ ಇಲ್ಲ.

ಹೊಲಿಯುವುದು ಪಟ್ಟಿಯ ಮೇಲಿನ ತುದಿ, ಕೆಳಗಿನ ತುದಿ, ಎರಡು ಕಡೆ ಮಾತ್ರ. ಜೀನ್ಸ್ ಬಟ್ಟೆಯ ಒಳಮೈಯಲ್ಲಿ ಆಯಾ ತುದಿಯ ನೇರಕ್ಕೆ ಇನ್ನೊಂದು ಚರ್ಮದ ಚೂರು ಇಡಬೇಕು, ಅಜ್ಜಿ ಇಡುತ್ತಿದ್ದ ಹಾಗೆ. ಭಾರ ಬೀಳುವುದು ಆ ಚೂರಿನ ಮೇಲೆ, ಬಟ್ಟೆಯ ಮೇಲಲ್ಲ. ದಾರ ಪಾಲಿಯೆಸ್ಟರಿನದ್ದು, ಜೋಡಿ ಎಳೆ. ಜೇನುಮೇಣದ ಉಂಡೆಯ ಮೇಲೆ ದಾರವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಎಳೆಯಿರಿ. ಒಂದು ಸಲ ಅಲ್ಲ, ದಾರ ಕೈಗೆ ಅಂಟು ಅಂಟು ಅನ್ನುವ ತನಕ. ಆಮೇಲೆ ಹಳೇ ಪೇಪರಿನ ಮಡಿಕೆಯೊಳಗೆ ಇಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಹದ ಬಿಸಿಯಲ್ಲಿ ಒಂದು ಸಲ ಮೇಲಿಂದ ಓಡಿಸಿ. ಮೇಣ ಕರಗಿ ಎಳೆಯೊಳಗೆ ಇಳಿಯುತ್ತದೆ, ಎರಡು ಎಳೆ ಒಂದಾಗುತ್ತದೆ. ಪೇಪರ್ ಇಲ್ಲದೆ ಓಡಿಸಿದರೆ ಮೇಣವೆಲ್ಲ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ, ಅಲ್ಲಿಂದ ಮಾವನವರ ಬಿಳಿ ಪಂಚೆಗೆ. ಪಂಚೆಗೆ ಮೇಣ ತಾಗಿದರೆ ಉಗುರಿನಲ್ಲಿ ಕೆರೆಯಬೇಡಿ, ಅದಕ್ಕೂ ಪೇಪರ್ ಇಟ್ಟು ಇಸ್ತ್ರಿ ಮಾಡಿ, ಪೇಪರೇ ಹೀರಿಕೊಳ್ಳುತ್ತದೆ. ಉಳಿದ ಮೇಣದ ಚೂರನ್ನು ಹಿಡಿಯುವ ಜಿಪ್ಪಿಗೆ ಉಜ್ಜಿ, ಮಕ್ಕಳ ಶಾಲೆ ಬ್ಯಾಗು ಸಲೀಸಾಗಿ ತೆರೆಯುತ್ತದೆ.

ತೂತುಗಳನ್ನು ಮೊದಲೇ ದಬ್ಬಳದಿಂದ ಹಾಕಿಕೊಳ್ಳಿ. ಸೂಜಿಯಿಂದಲೇ ಚರ್ಮ ಚುಚ್ಚುತ್ತೇನೆ ಅನ್ನುವವರ ಬೆರಳಿಗೆ ಬ್ಯಾಂಡೇಜು, ಸೂಜಿ ಎರಡು ತುಂಡು. ಎಳ್ಳು ಕಾಳು ಎರಡು ಇಟ್ಟಷ್ಟು ಅಂತರ ಸಾಕು. ಇನ್ನೂ ಹತ್ತಿರ ಹತ್ತಿರ ಹಾಕಿದರೆ ಗಟ್ಟಿಯಾಗುತ್ತದೆ ಅಂದುಕೊಳ್ಳುತ್ತೀರಿ, ಅಂಚೆಚೀಟಿ ಹರಿದ ಹಾಗೆ ತೂತಿನ ಸಾಲಿನಲ್ಲೇ ಹರಿದು ಬರುತ್ತದೆ. ಪಟ್ಟಿಯ ಒಂದೊಂದು ತುದಿಯಲ್ಲೂ ತೂತುಗಳು ಒಂದು ಚೌಕ ಆಗಬೇಕು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು. ಒಳ್ಳೆಯ ಶಾಲೆ ಬ್ಯಾಗಿನ ಪಟ್ಟಿ ನೋಡಿ, ಇದೇ ಹೊಲಿಗೆ ಇರುತ್ತದೆ. ಮೂಲೆಯಿಂದ ಶುರು ಮಾಡಬೇಡಿ, ಮೂಲೆಗೇ ಹೆಚ್ಚು ಜಗ್ಗಾಟ. ಚೌಕದ ಕೆಳ ಅಂಚಿನ ಮಧ್ಯದಲ್ಲಿ, ಗಂಟು ಬಟ್ಟೆಗೂ ಚರ್ಮದ ಚೂರಿಗೂ ನಡುವೆ ಅಡಗುವ ಹಾಗೆ ಶುರು ಮಾಡಿ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಬರುವ ಬ್ಯಾಕ್ ಸ್ಟಿಚ್ಚಿನಲ್ಲಿ ಸುತ್ತು ಮುಗಿಸಿ, ಆಮೇಲೆ ಗುಣಾಕಾರ, ಆಮೇಲೆ ಬಂದ ದಾರಿಯಲ್ಲೇ ಇನ್ನೊಂದು ಸುತ್ತು. ಪ್ರತಿ ಹೊಲಿಗೆಗೂ ದಾರವನ್ನು ಕಿರ್ ಅನ್ನುವ ಹಾಗೆ ಎಳೆಯಬೇಕು. ಮೇಣದ ದಾರ ಆ ಶಬ್ದ ಮಾಡುತ್ತದೆ, ಮಾಡಲಿಲ್ಲ ಅಂದರೆ ನೀವು ಸಡಿಲ ಬಿಟ್ಟಿದ್ದೀರಿ. ನನ್ನ ಸೊಸೆ "ಅತ್ತೆ, ಮಷಿನ್ನಿನಲ್ಲಿ ಎರಡು ನಿಮಿಷ" ಅನ್ನುತ್ತಾಳೆ. ಮನೆಯ ಮಷಿನ್ನಿಗೆ ಚರ್ಮ, ಜೀನ್ಸ್, ಮತ್ತೆ ಚರ್ಮ ತಿನ್ನಿಸಿದರೆ ಮಷಿನ್ ಕೆಮ್ಮುತ್ತದೆ, ಸೂಜಿ ಹಾರುತ್ತದೆ. ಪಕ್ಕದ ಹೊಲಿಗೆಗೆ ಮಷಿನ್ ಇರಲಿ, 18ನೇ ನಂಬರ್ ಸೂಜಿ ಹಾಕಿ. ಪಟ್ಟಿಗೆ ಕೈಯೇ ಆಗಬೇಕು.

ಪಟ್ಟಿ ಕೂರುವ ಜಾಗವೂ ಮುಖ್ಯ. ಬಾಯಿಯಿಂದ ಎರಡು ಬೆರಳು ಕೆಳಗೆ ಮೇಲಿನ ಚೌಕ ಬರಲಿ. ನಡುಮಧ್ಯಕ್ಕೆ ಹೊಲಿದರೆ ತಲೆಭಾರವಾಗಿ ಚೀಲ ಹೊರಗೆ ವಾಲುತ್ತದೆ, ಕೂತಾಗ ಫೋನು ಜಾರುತ್ತದೆ. ತೀರ ಅಂಚಿಗೇ ಹೊಲಿದರೆ ಬಾಯಿ ಸೊಟ್ಟ ಆಗುತ್ತದೆ. ಮತ್ತೆ ಇದನ್ನೆಲ್ಲ ಚೀಲದ ಪಕ್ಕ ಕೂಡಿಸುವ ಮೊದಲೇ ಮುಗಿಸಬೇಕು ಅಂತ ಬಿಡಿಸಿ ಹೇಳಬೇಕೇ? ಹೇಳಲೇಬೇಕು. ಚೀಲ ಪೂರ್ತಿ ಮಾಡಿ, ಒಳಗೆ ಕೈ ಹೋಗುತ್ತಿಲ್ಲ ಅಂತ ನನ್ನ ಹತ್ತಿರ ತಂದವರಿದ್ದಾರೆ.

ಪಕ್ಕ, ತಳ ಹೊಲಿದು ತಿರುವುವುದು ನಿಮಗೆ ಗೊತ್ತೇ ಇದೆ. ತಳದ ಒಂದು ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ಬಿಡಿ. ಮಳೆಯಲ್ಲಿ ನೀರು ಬಸಿಯುತ್ತದೆ, ಫೋನನ್ನು ಕೆಳಗಿನಿಂದ ತಳ್ಳಲೂ ಆಗುತ್ತದೆ. ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಹಾಕಬೇಡಿ. ಫೋನಿನೊಳಗಿನ ದಿಕ್ಸೂಚಿ ಕೆಟ್ಟು ಮ್ಯಾಪು ಎತ್ತಲೋ ತೋರಿಸುತ್ತದೆ. ಎಟಿಎಂ ಕಾರ್ಡನ್ನೂ ಅಲ್ಲೇ ತುರುಕಿದ್ದರೆ ಅದರ ಕಪ್ಪು ಪಟ್ಟಿಗೂ ಕುತ್ತು. ಟಿಚ್ ಬಟನ್ ಆದರೆ ಪ್ರತಿ ಸಲ ಗಾಜಿನ ಮೇಲೆ ಒತ್ತಬೇಕು. ವೆಲ್ಕ್ರೋ ಮದುವೆ ಮಂಟಪದಲ್ಲಿ ಚರ್ರ್ ಅಂದು ಎಲ್ಲರೂ ತಿರುಗಿ ನೋಡುವ ಹಾಗೆ ಮಾಡುತ್ತದೆ, ಆರು ತಿಂಗಳಿಗೆ ನೂಲು ತುಂಬಿ ಹಿಡಿಯುವುದೂ ಇಲ್ಲ. ತೆಂಗಿನ ಚಿಪ್ಪಿನ ಗುಂಡಿ ಒಂದು, ಅದಕ್ಕೆ ಎಲಾಸ್ಟಿಕ್ಕಿನ ಕುಣಿಕೆ ಒಂದು, ಇಷ್ಟು ಸಾಕು.

ಹೊಲಿದು ಮುಗಿದ ಕೂಡಲೆ ಫೋನ್ ಇಡಬೇಡಿ. ಒಳಗೆ ಅರ್ಧ ಕೇಜಿ ಸಕ್ಕರೆ ಪೊಟ್ಟಣ ಇಟ್ಟು, ಕ್ಲಿಪ್ಪನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿ ಒಂದು ರಾತ್ರಿ ಬಿಡಿ. ಇರುವೆಗೆ ಸಿಗದ ಹಾಗೆ ಪೊಟ್ಟಣ ಕಟ್ಟಿರಿ. ಬೆಳಗ್ಗೆ ಚೌಕದ ಮೂಲೆ ನೋಡಿ, ತೂತು ಹಿಗ್ಗಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ, ಬೇಸರ ಮಾಡಿಕೊಳ್ಳಬೇಡಿ.

ಹಾಕಿಕೊಳ್ಳುವಾಗ ಫೋನಿನ ಮುಖ ಮೈಯ ಕಡೆ ಇರಲಿ. ಬಾಗಿಲ ಚೌಕಟ್ಟಿಗೆ, ಬಸ್ಸಿನ ಸೀಟಿಗೆ ತಾಗುವುದು ಹೊರಮೈ. ಚಾರ್ಜಿಗೆ ಹಾಕುವಾಗ ಮಾತ್ರ ಚೀಲದಿಂದ ತೆಗೆದೇ ಹಾಕಿ, ಕಂಬಳಿ ಹೊದ್ದುಕೊಂಡು ಬಿಸಿಯಾದರೆ ಬ್ಯಾಟರಿಯ ಆಯಸ್ಸು ಕಮ್ಮಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಳಚೀಲ ಹೊರಗೆಳೆದು ಒಲೆಯ ಹತ್ತಿರ ಒಣಗಿಸಿ. ಜೀನ್ಸ್ ಪ್ಯಾಂಟನ್ನೂ ಹಾಗೇ, ಜೇಬು ಹೊರಗೆ ತಿರುವಿ ಒಣಹಾಕದವರ ಪ್ಯಾಂಟು ಮೂರನೇ ದಿನಕ್ಕೆ ಮುಗ್ಗಲು ವಾಸನೆ ಹೊಡೆಯುವುದು ಇದಕ್ಕೇ. ಚರ್ಮದ ಪಟ್ಟಿಗೆ ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ತೊಟ್ಟು ಅಂದರೆ ತೊಟ್ಟು, ಬಜ್ಜಿ ಕರಿಯುವಷ್ಟಲ್ಲ.