ಫ್ರಿಜ್ಜಿನ ಕೀಲಿ ನನ್ನ ಕೈಲಿ, ಸೂಜಿ ಬೇರೆಯವರ ಕೈಲಿ

ರಾಮದುರ್ಗ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಫಾರ್ಮಸಿ ಅಧಿಕಾರಿ. ಊರಿನವರಿಗೆ ಈ ಹುದ್ದೆಯ ಹೆಸರೆಲ್ಲ ಬೇಡ. ‘ಗುಳಿಗಿ ಕೊಡೋ ಬಾಯಾರು’ ಅಂದರೆ ಸಾಕು, ನೇರ ನನ್ನ ಕಿಟಕಿಗೆ ಬಂದು ನಿಲ್ಲುತ್ತಾರೆ. ಚೀಟಿ ನೋಡಿ ಗುಳಿಗೆ ಕೊಡುವುದು, ದಾಸ್ತಾನು ಪುಸ್ತಕ ಬರೆಯುವುದು, ಜೊತೆಗೆ ಲಸಿಕೆಯ ಫ್ರಿಜ್ ನೋಡಿಕೊಳ್ಳುವುದು ನನ್ನ ಕೆಲಸ. ಫ್ರಿಜ್ ಅಂದರೆ ಮನೆಯದರ ಹಾಗಲ್ಲ, ಮೇಲಿನಿಂದ ಮುಚ್ಚಳ ಎತ್ತುವ ಪೆಟ್ಟಿಗೆ. ನಾವು ಅದನ್ನು ಐಎಲ್‌ಆರ್ ಅನ್ನುತ್ತೇವೆ. ಬೆಳಿಗ್ಗೆ ಬಂದ ಕೂಡಲೇ ಒಮ್ಮೆ, ಸಂಜೆ ಕೀಲಿ ಹಾಕುವ ಮುಂಚೆ ಒಮ್ಮೆ ಅದರ ಉಷ್ಣಾಂಶ ಬರೆಯಬೇಕು. 2 ಡಿಗ್ರಿಗಿಂತ ಕೆಳಗೆ ಇಳಿಯಬಾರದು, 8 ದಾಟಬಾರದು. ಬಿಸಿ ಏರಿದರೆ ಲಸಿಕೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಐದು ರೋಗಗಳಿಗೆ ಒಂದೇ ಆದ ಪೆಂಟಾವಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿ ಕರಗಿದವೆಂದರೆ ಮುಗಿಯಿತು. ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ. ಅನುಮಾನ ಬಂದಾಗ ಬೇಕೆಂದೇ ಹೆಪ್ಪುಗಟ್ಟಿಸಿದ ಒಂದು ಬಾಟಲಿಯನ್ನೂ ಅನುಮಾನದ ಬಾಟಲಿಯನ್ನೂ ಕೂಡಿಸಿ ಕುಲುಕಿ, ಯಾವುದು ಬೇಗ ತಳ ಹಿಡಿಯುತ್ತದೆ ಅಂತ ಕಣ್ಣು ನೆಟ್ಟು ಕೂರುತ್ತೇನೆ. ಅನುಮಾನದ್ದೂ ಅಷ್ಟೇ ಬೇಗ ತಳ ಹಿಡಿದರೆ ಅದು ಕೆಟ್ಟಿದೆ ಅಂತ ಅರ್ಥ.

ಇಷ್ಟೂ ನಾನು ಮಾಡಬಹುದು. ಅದೇ ಬಾಟಲಿಯಿಂದ ಅರ್ಧ ಎಂಎಲ್ ಎಳೆದು ಕೂಸಿನ ತೊಡೆಗೆ ಸೂಜಿ ಮಾಡುವುದು ಮಾತ್ರ ನನಗೆ ಸೇರಿದ್ದಲ್ಲ. ಮೊದಮೊದಲು ನನಗೂ ಅದು ಸರಿಯೇ ಅನ್ನಿಸಿತ್ತು. ಡಿ.ಫಾರ್ಮಾ ಓದುವಾಗ ಇಂಜೆಕ್ಷನ್ ಹೇಗೆ ತಯಾರಾಗುತ್ತದೆ, ಹೇಗೆ ಕ್ರಿಮಿರಹಿತ ಮಾಡುತ್ತಾರೆ, ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಲ್ಲ ಕಲಿಸಿದ್ದರು. ಚುಚ್ಚುವುದನ್ನು ಯಾರೂ ಕಲಿಸಿರಲಿಲ್ಲ.

2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಗೆ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಬಂತು. ಸೂಜಿ ಮಾಡಬಹುದಾದವರ ಸಾಲಿನಲ್ಲಿ ವೈದ್ಯರು, ಸ್ಟಾಫ್ ನರ್ಸ್, ಎಎನ್‌ಎಂ ಇವರ ಜೊತೆ ‘ಫಾರ್ಮಸಿಸ್ಟ್’ ಅಂತಲೂ ಇತ್ತು. ಆ ಸಾಲನ್ನು ಮೂರು ಸಲ ಓದಿದೆ. ಜನವರಿಯಲ್ಲಿ ಪುಣೆಯಿಂದ ಕೋವಿಶೀಲ್ಡ್ ಬೆಳಗಾವಿಯ ವ್ಯಾಕ್ಸಿನ್ ಡಿಪೋಗೆ ಬಂತು. ಟಿಳಕವಾಡಿಯ ಆ ಜಾಗವನ್ನು ಈಗ ಮೈದಾನವೆಂದೇ ಗುರುತಿಸುವವರು ಹೆಚ್ಚು. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ನೆಲ ಅದು. ನನಗಂತೂ ಅದರ ಗೇಟಿನ ಮುಂದೆ ಹಾಯುವಾಗ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಮಾರ್ಚ್ 1ಕ್ಕೆ ಅರವತ್ತು ದಾಟಿದವರಿಗೆ, ಏಪ್ರಿಲ್ 1ಕ್ಕೆ ನಲವತ್ತೈದು ದಾಟಿದವರಿಗೆ ಲಸಿಕೆ ಶುರುವಾದಾಗ ನಮ್ಮ ಕೇಂದ್ರದಲ್ಲಿ ಕೈ ಸಾಲದಾದವು. ಇಬ್ಬರು ಸಿಸ್ಟರ್, ಅವರಲ್ಲೊಬ್ಬರಿಗೆ ಕೋವಿಡ್. ವೈದ್ಯಾಧಿಕಾರಿ ನನ್ನನ್ನು ಕರೆದು, “ಕಲೀತೀರೇನ್ರಿ?” ಅಂದರು. ಹೂಂ ಅಂದೆ.

ಕಲಿಸಿದವರು ನಮ್ಮ ಹಿರಿಯ ಸಿಸ್ಟರ್. ಮೊದಲು ತೋಳಿನ ಮೇಲೆ ಬೆರಳಿಟ್ಟು ಎಲುಬು ಹುಡುಕಿಸಿದರು. ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳು ಕೆಳಗೆ, ತೋಳಿನ ಹೊರಮಗ್ಗುಲಿನ ದಪ್ಪ ಸ್ನಾಯು. ಅದಕ್ಕಿಂತ ಮೇಲೆ ಹೋದರೆ ಕೀಲಿಗೆ ತಗಲುತ್ತದೆ, ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು. ತೀರ ಕೆಳಗೆ, ಹಿಂದಕ್ಕೆ ಹೋದರೆ ನರ. ಸೂಜಿ ನೆಟ್ಟಗೆ ಹೋಗಬೇಕು, ಓರೆಯಾಗಬಾರದು. ಚುಚ್ಚಿದ ಮೇಲೆ ತಿಕ್ಕಬಾರದು, ಹತ್ತಿ ಒತ್ತಿ ಹಿಡಿದರೆ ಸಾಕು. ಸೂಜಿಗೆ ಮರಳಿ ಟೊಪ್ಪಿಗೆ ಹಾಕಲೇಬಾರದು; ಕಟರಿನಲ್ಲಿ ಕತ್ತರಿಸಿ ಬಿಳಿ ಡಬ್ಬಿಗೆ, ಸಿರಿಂಜು ಕೆಂಪು ಚೀಲಕ್ಕೆ. ನಾಲ್ಕು ದಿನ ಅವರ ಪಕ್ಕದಲ್ಲಿ ನಿಂತು ನೋಡಿದೆ, ಐದನೆಯ ದಿನ ಅವರು ನನ್ನ ಪಕ್ಕದಲ್ಲಿ ನಿಂತರು.

ನನ್ನ ಮೊದಲ ತೋಳು ಒಬ್ಬ ನಿವೃತ್ತ ಮಾಸ್ತರರದು. ಧೋತರ, ಬಿಳಿ ಅಂಗಿ. ಅಂಗಿಯ ತೋಳು ಮೇಲೆ ಸರಿಯಲಿಲ್ಲ, ಗುಂಡಿ ಬಿಚ್ಚಿ ಭುಜ ಹೊರಗೆ ತೆಗೆದರು. ವಯಸ್ಸಾದ ತೋಳು, ಸ್ನಾಯು ಸಣ್ಣದು, ಚರ್ಮ ಜಾರುತ್ತಿತ್ತು. ಎಡಗೈಯಿಂದ ಮೆಲ್ಲಗೆ ಹಿಡಿದೆ. ಒಳಗೆ ಹೋದದ್ದು ನನ್ನ ಬೆರಳಿಗೆ ತಿಳಿಯಿತು: ಮೊದಲು ಒಂದು ಸಣ್ಣ ತಡೆ, ಆಮೇಲೆ ಮೆತ್ತಗೆ. ಅರ್ಧ ಎಂಎಲ್ ಮುಗಿದ ಕೂಡಲೇ ಆ ಸಿರಿಂಜಿನ ದಾಂಡು ಟಕ್ ಅಂತ ಲಾಕ್ ಆಗುತ್ತದೆ, ಎರಡನೇ ಸಲ ಬಳಸಲು ಬರುವುದಿಲ್ಲ. ಆ ಟಕ್ ಕೇಳಿದ ಮೇಲೆ ಉಸಿರು ಬಿಟ್ಟೆ. “ಆತೇನ್ ತಂಗಿ? ಗೊತ್ತ ಆಗ್ಲಿಲ್ಲಲ್ಲ” ಅಂದರು ಮಾಸ್ತರು.

ಚುಚ್ಚುವುದು ಹತ್ತು ದಿನದಲ್ಲಿ ಕೈಗೆ ಬಂತು. ಕಷ್ಟದ್ದು ಉಳಿದ ಕೆಲಸ. ಮೇ ತಿಂಗಳ ಒಂದು ಮಧ್ಯಾಹ್ನದ ಮಾತು. ಹೊರಗೆ ಬೇವಿನ ಗಿಡದ ಕೆಳಗೆ ನಲವತ್ತು ಜನ. ಕೋವಿಶೀಲ್ಡಿನ ಒಂದು ಬಾಟಲಿಗೆ ಹತ್ತು ಡೋಸ್, ತೆರೆದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಊಟಕ್ಕೆ ಎದ್ದು ಬಂದು ನೋಡಿದರೆ ಒಂದು ಬಾಟಲಿಯ ಮೇಲೆ ತೆರೆದ ಹೊತ್ತು ಬರೆದಿಲ್ಲ. ತೆರೆದವಳು ನಾನೇ. ಹನ್ನೊಂದಕ್ಕೋ ಹತ್ತಕ್ಕೋ ನೆನಪಾಗಲಿಲ್ಲ. ಒಳಗೆ ಮೂರು ಡೋಸ್ ಇದ್ದವು. ಆಗ ಲಸಿಕೆಗೆ ಎಂಥ ಬರ ಇತ್ತು ಅಂತ ಎಲ್ಲರಿಗೂ ನೆನಪಿದೆ. ಗೊತ್ತಿಲ್ಲದ ಹೊತ್ತಿಗೆ ಊಹೆಯ ಲೆಕ್ಕ ಹಾಕಬಾರದು. ವ್ಯರ್ಥವಾದದ್ದೆಂದು ಪುಸ್ತಕದಲ್ಲಿ ಬರೆದು ಬದಿಗಿಟ್ಟೆ. ಸರದಿಯ ಕೊನೆಯ ಮೂವರನ್ನು ವಾಪಸ್ ಕಳಿಸಬೇಕಾಯಿತು, ಅವರಲ್ಲಿ ಒಬ್ಬ ಬಸುರಿಯ ಅತ್ತೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಪೆನ್ನು ಕಿವಿಯ ಮೇಲೆಯೇ ಇತ್ತು. ರಬ್ಬರಿಗೆ ಸೂಜಿ ತಗಲುವ ಮುಂಚೆ ಹೊತ್ತು ಬರೆಯುತ್ತಿದ್ದೆ.

ಇನ್ನೊಂದು ದಿನ, ಇಪ್ಪತ್ತರ ಹುಡುಗ, ಗರಡಿ ಮೈ, ಸೂಜಿ ಮಾಡಿ ಎರಡು ನಿಮಿಷಕ್ಕೆ ಬೆಂಚಿನಿಂದ ಜಾರಿದ. ಅವನ ತಾಯಿ ಬಾಯಿ ಬಡಿದುಕೊಂಡರು. ಆಗ ಮಾಡಬೇಕಾದ್ದು ಒಂದೇ: ಇದು ಬರೀ ಬವಳಿಯೋ, ಅಲರ್ಜಿಯೋ? ನಾಡಿ ಹಿಡಿದೆ, ನಿಧಾನವಾಗಿತ್ತು. ಮೈ ತಣ್ಣಗೆ, ಬೆವರು. ಮೈಮೇಲೆ ದದ್ದು ಇಲ್ಲ, ತುಟಿ ಊದಿಲ್ಲ, ಉಸಿರಿನಲ್ಲಿ ಸುಂಯ್‌ಗುಟ್ಟುವ ಸದ್ದಿಲ್ಲ. ಅಲರ್ಜಿ ಆಗಿದ್ದರೆ ನಾಡಿ ಓಡುತ್ತಿರುತ್ತದೆ, ಹಿಡಿಯಲು ಸಿಗದಷ್ಟು ಸಣ್ಣಗೆ. ಮಲಗಿಸಿ ಕಾಲು ಎತ್ತಿ ಹಿಡಿದೆವು, ಎರಡು ನಿಮಿಷಕ್ಕೆ ಕಣ್ಣು ಬಿಟ್ಟ. ಡಾಕ್ಟರು ಓಡಿ ಬರುವಷ್ಟರಲ್ಲಿ ನೀರು ಕೇಳುತ್ತಿದ್ದ. ಮೇಜಿನ ಮೇಲೆ ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ನಿನ ಕಿಟ್ ಸಿದ್ಧವಿತ್ತು, ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಸ್ನಾಯುವಿಗೆ. ಆ ಕಿಟ್ ಇಲ್ಲದ ಜಾಗದಲ್ಲಿ, ಅದನ್ನು ಬಳಸಲು ಬಾರದವರ ಕೈಯಲ್ಲಿ ಲಸಿಕೆಯ ಸೂಜಿ ಇರಲೇಬಾರದು. ಸೂಜಿ ಮಾಡಿದ ಮೇಲೆ ಅರ್ಧ ತಾಸು ಕೂರಿಸುವುದು ಇದಕ್ಕೇ.

ಕೋವಿಡ್ ಇಳಿಯಿತು, ನಾನು ಕಿಟಕಿಯ ಹಿಂದೆ ವಾಪಸಾದೆ. ಕೈ ಕಲಿತದ್ದು ಕೈಯಲ್ಲೇ ಉಳಿಯಿತು.

ಅಮೆರಿಕದಲ್ಲಿ 2009ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಫಾರ್ಮಸಿಸ್ಟರು ಲಸಿಕೆ ಹಾಕಬಹುದಾಗಿತ್ತು. ಕೆನಡಾದ ಆಲ್ಬರ್ಟಾದಲ್ಲಿ, ಪೋರ್ಚುಗಲ್‌ನಲ್ಲಿ 2007ರಿಂದ, ಐರ್ಲೆಂಡಿನಲ್ಲಿ 2011ರಿಂದ ಫಾರ್ಮಸಿಸ್ಟರಿಗೆ ಈ ಅನುಮತಿ ಇದೆ. ಇಂಗ್ಲೆಂಡಿನಲ್ಲಿ 2015ರಿಂದ ಸರ್ಕಾರವೇ ಔಷಧಿ ಅಂಗಡಿಗಳ ಮೂಲಕ ಫ್ಲೂ ಲಸಿಕೆ ಹಾಕಿಸುತ್ತಿದೆ. ಯಾರೂ ಬರೀ ಅಧಿಕಾರ ಕೊಟ್ಟು ಕೈ ಬಿಡಲಿಲ್ಲ. ತರಬೇತಿ, ತುರ್ತು ಚಿಕಿತ್ಸೆಯ ಕಲಿಕೆ, ಹಾಕಿದ ಪ್ರತಿ ಡೋಸಿನ ದಾಖಲೆ ಎಲ್ಲ ಕೇಳಿದರು. ನಮ್ಮಲ್ಲಿ 1948ರ ಫಾರ್ಮಸಿ ಕಾಯ್ದೆ ನಮಗೆ ನೋಂದಣಿ ಕೊಟ್ಟಿತು. 2015ರ ಫಾರ್ಮಸಿ ವೃತ್ತಿಯ ನಿಯಮಾವಳಿ ರೋಗಿಗೆ ತಿಳಿಸಿ ಹೇಳುವುದನ್ನೂ ನಮ್ಮ ಕರ್ತವ್ಯ ಮಾಡಿತು. ಮುಂದಿನ ಹೆಜ್ಜೆ, ತರಬೇತಿ ಪಡೆದ ಫಾರ್ಮಸಿಸ್ಟ್ ವೈದ್ಯರ ಚೀಟಿಯ ಮೇಲೆ ಸೂಜಿ ಮಾಡಬಹುದು, ದೊಡ್ಡವರಿಗೆ ಲಸಿಕೆ ಹಾಕಬಹುದು ಅನ್ನುವುದು. ಅದನ್ನು ಸ್ಪಷ್ಟವಾಗಿ ಕಾನೂನಿನಲ್ಲಿ ಬರೆಯಬೇಕು. ಒಂದು ಮಹಾಮಾರಿಗೆ ನಂಬಿದವರನ್ನು ಅದು ಮುಗಿದ ಮೇಲೂ ನಂಬಬೇಕು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಎಷ್ಟೋ ಔಷಧಿ ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟ್ ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವವರು ನಮ್ಮವರೇ. ಅಂಥ ಅಂಗಡಿಗೆ ಸೂಜಿ ಕೊಡುವುದಕ್ಕೆ ನಾನೇ ಮೊದಲು ಅಡ್ಡ ನಿಲ್ಲುತ್ತೇನೆ. ನೋಂದಾಯಿತ ಫಾರ್ಮಸಿಸ್ಟ್ ಖುದ್ದು ಇರುವ ಜಾಗಕ್ಕೆ ಮಾತ್ರ, ಅವರ ಹೆಸರಿಗೆ ಮಾತ್ರ ಈ ಅಧಿಕಾರ ಸಿಗಬೇಕು. ವೈದ್ಯರು ಬರೆಯದ ಇಂಜೆಕ್ಷನ್ ಯಾರೂ ಚುಚ್ಚಬಾರದು. ಮಾರುವವರೇ ಯಾವುದು ಬೇಕು ಅಂತ ತೀರ್ಮಾನಿಸಿದರೆ ಜ್ವರಕ್ಕೂ ಮೈಕೈ ನೋವಿಗೂ ಸೂಜಿಯೇ ಆಗುತ್ತದೆ. ಈಗಲೇ ಹಳ್ಳಿಗಳಲ್ಲಿ ಓದಿಲ್ಲದ ‘ಡಾಕ್ಟರು’ ಸೈಕಲ್ ಮೋಟರ್ ಮೇಲೆ ಮಾಡುತ್ತಿರುವುದು ಅದನ್ನೇ.

ಸೂಜಿಯ ಲೆಕ್ಕ ಫಾರ್ಮಸಿಸ್ಟಿಗೆ ಎಷ್ಟು ಗೊತ್ತಿರಬೇಕು ಅನ್ನುವುದಕ್ಕೆ ಒಂದು ಸಂಗತಿ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ, ಇನ್ಸುಲಿನ್ ಬಿಡದೆ ತಗೊಂಡರೂ ಸಕ್ಕರೆ ಇಳಿಯುತ್ತಿರಲಿಲ್ಲ. “ಪಥ್ಯ ಮಾಡಂಗಿಲ್ಲ ಮುದುಕ” ಅಂತ ಮನೆಯವರ ಬೈಗುಳ. ಒಂದು ದಿನ ಚೀಲ ತೆರೆಸಿದೆ. ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು. ಸಿರಿಂಜಿನ ಟೊಪ್ಪಿಗೆ ಕಿತ್ತಳೆ ಬಣ್ಣ! 40ರ ಬಾಟಲಿಗೆ ಕೆಂಪು ಟೊಪ್ಪಿಗೆಯ ಸಿರಿಂಜು ಬೇಕು. ಕಿತ್ತಳೆಯದು 100 ಯೂನಿಟ್ಟಿನ ಇನ್ಸುಲಿನ್ನಿಗೆ. ಪಟ್ಟಣದಲ್ಲಿ ಯಾರೋ ಕೈಗೆ ಸಿಕ್ಕದ್ದು ಕೊಟ್ಟಿದ್ದರು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್. ಅಜ್ಜ ಅಷ್ಟು ದಿನ ಅರ್ಧಕ್ಕಿಂತ ಕಡಿಮೆ ಔಷಧಿಯಲ್ಲಿ ಜೀವ ಹಿಡಿದಿದ್ದರು. ಅದಲುಬದಲಾಗಿ, 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಎಳೆದಿದ್ದರೆ ಎರಡೂವರೆ ಪಟ್ಟು ಹೋಗಿ, ನಿದ್ದೆಯಲ್ಲೇ ಮುಗಿದುಬಿಡುತ್ತಿದ್ದರು. ಡಾಕ್ಟರಿಗೆ ಹೇಳಿ ಸಿರಿಂಜು ಬದಲಿಸಿ, ಹೊಟ್ಟೆಯ ಮೇಲೆ ಜಾಗ ಬದಲಿಸುತ್ತ ಚುಚ್ಚಿಕೊಳ್ಳುವುದನ್ನು ಅವರ ಕೈಯಲ್ಲೇ ಮಾಡಿಸಿದೆ. ಫ್ರಿಜ್ ಇಲ್ಲದ ಮನೆ. ಬಾಟಲಿಗೆ ನೀರು ತಾಗದ ಹಾಗೆ ಡಬ್ಬಿಯಲ್ಲಿಟ್ಟು ನೀರಿನ ಗಡಿಗೆಯ ತಂಪಿನಲ್ಲಿಡಲು ಹೇಳಿಕೊಟ್ಟೆ.

ನನ್ನನ್ನು ಹೆಚ್ಚು ಕಾಡುವುದು ‘ಅಂತರಾ’. 2017ರಲ್ಲಿ ಸರ್ಕಾರ ತಂದ, ಮೂರು ತಿಂಗಳಿಗೊಮ್ಮೆಯ ಗರ್ಭನಿರೋಧಕ ಇಂಜೆಕ್ಷನ್. ಹೇಳಿದ ತಾರೀಖಿಗಿಂತ ನಾಲ್ಕು ವಾರದವರೆಗೆ ತಡವಾದರೂ ನಡೆಯುತ್ತದೆ, ಅದು ದಾಟಿದರೆ ಭರವಸೆಯಿಲ್ಲ. ಬಾಟಲಿ ನನ್ನ ಕಪಾಟಿನಲ್ಲಿ. ಸೂಜಿ ಸಿಸ್ಟರದು, ಸಿಸ್ಟರು ಗುರುವಾರ ಹಳ್ಳಿಯ ಲಸಿಕೆಗೆ, ಉಳಿದ ದಿನ ಹೆರಿಗೆಗೆ.

ಕಳೆದ ಮಾಘದಲ್ಲಿ ಒಬ್ಬ ಹೆಣ್ಣುಮಗಳು ಬಂದಳು, ಮೂರು ಮಕ್ಕಳ ತಾಯಿ. ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡ ಕಾರ್ಡು ತೆಗೆದು ಕಿಟಕಿಯೊಳಗೆ ಸರಿಸಿದಳು. ತಾರೀಖು ದಾಟಿ ಇಪ್ಪತ್ತಾರು ದಿನ. ಗುರುವಾರ, ಸಿಸ್ಟರ್ ಇರಲಿಲ್ಲ.

“ನಾಳೆ ಬಾರವ್ವಾ” ಅಂದೆ.

“ನಾಳೆ ನಸುಕಿಗೆ ಕಬ್ಬು ಕಡ್ಯಾಕ ಗಾಡಿ ಹೊಂಟೈತ್ರಿ ಬಾಯಾರ. ಒಂದು ತಿಂಗಳ ಬರಂಗಿಲ್ಲ. ನೀವ ಮಾಡ್ರಲ್ಲ. ಆಗ ನಮ್ಮ ಅತ್ತಿಗಿ ನೀವ ಮಾಡಿದ್ರಿ.”

ಹೌದು, ಅವಳ ಅತ್ತೆಗೆ ಕೋವಿಡ್ ಲಸಿಕೆ ಹಾಕಿದ್ದು ನಾನೇ. ಬಾಟಲಿ ನನ್ನ ಬೆನ್ನ ಹಿಂದೆಯೇ ಇತ್ತು. ಚೆನ್ನಾಗಿ ಕುಲುಕಿ ಎಳೆಯಬೇಕು, ತೋಳಿಗೆ ಮಾಡಬೇಕು, ತಿಕ್ಕಬಾರದು. ಎಲ್ಲ ಗೊತ್ತು. ಮಾಡಲಿಲ್ಲ. ಸಿಸ್ಟರಿಗೆ ಫೋನ್ ಹಚ್ಚಿದೆ. ಐದು ಮೈಲಿ ಆಚೆಯ ಅಂಗನವಾಡಿಯಲ್ಲಿ ಇನ್ನೂ ಹನ್ನೆರಡು ಕೂಸುಗಳಿವೆ ಅಂದರು. ಅವಳನ್ನು ನನ್ನ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದೆ. ಸಣ್ಣ ಮಗು ಮಡಿಲಲ್ಲೇ ಮಲಗಿತು. ಬಾಗಿಲು ಹಾಕುವ ಹೊತ್ತು ದಾಟಿತು, ಐಎಲ್‌ಆರ್‌ನ ಉಷ್ಣಾಂಶ ಬರೆದೆ, 4 ಡಿಗ್ರಿ. ಆರೂ ಕಾಲಿಗೆ ಸಿಸ್ಟರಿನ ಸ್ಕೂಟಿಯ ಸದ್ದು ಕೇಳಿತು.